ಹೆಬ್ಬೆರಳಿನಷ್ಟು ಕಡಿಮೆ

ಎತ್ತರದ ಹೆಂಗಸಾಗಿ ಹುಟ್ಟುವುದರ ಕಷ್ಟಗಳನ್ನು ಯಾರೂ ಎಲ್ಲಿಯೂ ಸರಿಯಾಗಿ ಬರೆದಿಲ್ಲ. ಬಸ್ಸಿನಲ್ಲಿ ಊರವರ ಚೀಲಗಳನ್ನೆಲ್ಲ ಮೇಲಿನ ಕಂಬಿಗಳ ಮೇಲೆ ಇಡುವವಳು ನಾನು. ಹುನಗುಂದದ ಶಾಲೆಗೆ ಗಣಿತ ಕಲಿಸಲೆಂದು ನೇಮಕವಾದರೂ ಅಲ್ಲಿಯ ಜೇಡರ ಬಲೆ ತೆಗೆಯುವವಳು ನಾನು. ಮದುವೆಮನೆಗಳಲ್ಲಿ "ಅಕ್ಕಾರ, ನೀವು ಹಿಂದ ನಿಂದರ್ರಿ" ಎನ್ನಿಸಿಕೊಳ್ಳುವವಳೂ ನಾನೇ. ನನ್ನ ಮದುವೆಯಲ್ಲೇ ಫೋಟೋದವನು ಒಮ್ಮೆ ಬಾಯಿತಪ್ಪಿ ಹಾಗೆ ಅಂದದ್ದುಂಟು. ಇವನ್ನೆಲ್ಲ ಸಹಿಸಿಕೊಂಡೇನು. ಆದರೆ ಇಳಕಲ್ಲಿನ ನಮ್ಮ ಮನೆಗೆ ಹೊಸಬರು ಯಾರಾದರೂ ಬಂದು, ಈ ಮನೆಯಲ್ಲಿ ಬಾಸ್ಕೆಟ್‌ಬಾಲ್ ಆಡುವವರೊಬ್ಬರು ಇದ್ದಾರೆಂದು ಕೇಳಿದ ಕೂಡಲೇ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ "ನೋಡಿದ್ರ ಗೊತ್ತಾಗ್ತೈತಿ ಬಿಡ್ರಿ" ಎನ್ನುತ್ತಾರಲ್ಲ, ಅದನ್ನು ಮಾತ್ರ ಸಹಿಸಲಾರೆ. ಈ ಜನ್ಮದಲ್ಲಿ ನಾನು ಆ ಚೆಂಡನ್ನು ಮುಟ್ಟಿದ್ದು ಧೂಳು ಒರೆಸಲಿಕ್ಕೆ ಮಾತ್ರ. ಆಡುವವರು ನಮ್ಮ ಯಜಮಾನರು. ಪಕ್ಕದಲ್ಲಿ ನಿಂತರೆ ಅವರ ನೆತ್ತಿ ನನ್ನ ಹುಬ್ಬಿಗೆ ಬರುತ್ತದೆ.

ಅವರು ನನ್ನನ್ನು ನೋಡಲು ಬಂದ ದಿನ ನಮ್ಮವ್ವ ಒಂದೇ ಒಂದು ಬುದ್ಧಿ ಹೇಳಿದ್ದಳು: "ಅವರು ಹೋಗೂತನಕ ಏಳಬ್ಯಾಡ." ನಾನು ಕುಳಿತೇ ಇದ್ದೆ. ಅವಲಕ್ಕಿ ತಟ್ಟೆಗಳನ್ನೂ ಕುಳಿತಲ್ಲಿಂದಲೇ ಸರಿಸಿದೆ. ಕೊನೆಗೆ ಯಾರೋ ಹಿರಿಯರು "ದೊಡ್ಡವರಿಗೆ ನಮಸ್ಕಾರ ಮಾಡವಾ" ಅಂದುಬಿಟ್ಟರು. ಎದ್ದೆ. ಏಳುತ್ತಲೇ ಇದ್ದೆ ಎಂದು ನಮ್ಮವರು ಇವತ್ತಿಗೂ ಹೇಳುತ್ತಾರೆ. ನಮ್ಮವ್ವ ಕಣ್ಣು ಮುಚ್ಚಿಕೊಂಡಳು. ಆಗ ಇವರು ನನ್ನನ್ನು ಮೇಲಕ್ಕೆ ನೋಡಿ, ಯಾವ ಮುಜುಗರವೂ ಇಲ್ಲದೆ, "ಇವರನ್ನ ದಾಟಿಸಿ ಚೆಂಡು ಹಾಕೂದು ಭಾಳ ಕಠಿಣ ಐತ್ರಿ" ಎಂದು ನಕ್ಕರು. ನನಗೆ ಅರ್ಥವಾಗಲಿಲ್ಲ, ಆದರೆ ಆ ನಗು ಹಿಡಿಸಿತು. ಮದುವೆಯಾದ ಮೇಲೆ ಮೊದಲ ಸಲ ಐಹೊಳೆಗೆ ಹೋದಾಗಲೂ ಅಷ್ಟೇ. ಒಂದು ಸಣ್ಣ ಗುಡಿಯ ಬಾಗಿಲಲ್ಲಿ ನನ್ನ ಹಣೆ ಠಣ್ಣೆಂದಿತು. ಅವರು ತಲೆಯೆತ್ತಿಕೊಂಡೇ ಒಳಗೆ ಹೋಗಿ, "ನೋಡ ಶೈಲಾ, ಚಾಲುಕ್ಯರು ನನ್ನ ಅಳತಿಗೇ ಕಟ್ಟ್ಯಾರ" ಅಂದರು.

ಚಾಲುಕ್ಯರನ್ನು ಬಿಟ್ಟರೆ ಅವರ ಅಳತೆಗೆ ಕಟ್ಟಿದವರು ಯಾರೂ ಇರಲಿಲ್ಲ. ಬಾಸ್ಕೆಟ್‌ಬಾಲಿನಲ್ಲಿ ಅವರು ಗಾರ್ಡ್. ಗಾರ್ಡ್ ಎಂದರೆ ಚೆಂಡನ್ನು ನೆಲಕ್ಕೆ ಬಡಿಯುತ್ತ ಮುಂದಕ್ಕೆ ಒಯ್ದು ಎತ್ತರದವರಿಗೆ ಒಪ್ಪಿಸುವವನು. ತಂಡದಲ್ಲಿ ಅವನೇ ಗಿಡ್ಡ. ಆದರೆ ಗಿಡ್ಡತನಕ್ಕೂ ಒಂದು ಮಿತಿ ಬೇಡವೇ ಎಂಬುದು ಆಯ್ಕೆ ಮಾಡುವವರ ವಾದ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಓದುವಾಗ ನಮ್ಮವರ ಆಟ ನೋಡಲು ಬೇರೆ ಕಾಲೇಜಿನವರೂ ಬರುತ್ತಿದ್ದರಂತೆ. ಅಲ್ಲಿಯ ಕೋಚ್ ಸರ್ ಪ್ರೀತಿಯಿಂದ ಇವರ ಎತ್ತರವನ್ನು ಮೂರು ಇಂಚು ಹೆಚ್ಚಿಗೆ ಬರೆಸಿದರು. "ಎಲ್ಲಾರೂ ಹಂಗ ಬರೀತಾರ, ನೀನೂ ಬರಿ" ಎಂದು. ಕಾಲೇಜು ಮುಗಿದ ಮೇಲೆ ಆ ಮೂರು ಇಂಚೇ ಮುಳುವಾಯಿತು. ವೃತ್ತಿಪರ ತಂಡಗಳ ಆಯ್ಕೆಗೆಂದು ಎಲ್ಲಿಗೆ ಹೋದರೂ ಬಾಗಿಲಲ್ಲೇ ಅಳತೆಯ ಕಂಬ. ಕಾಲೇಜಿನ ಕಾಗದ ನೋಡಿ ಇವರು ಬರೆದದ್ದು ಒಂದು, ಕಂಬ ಹೇಳಿದ್ದು ಇನ್ನೊಂದು. ಸುಳ್ಳು ಬರೆದಿದ್ದೀಯ ಎಂದು ಚೆಂಡು ಮುಟ್ಟುವ ಮೊದಲೇ ವಾಪಸು ಕಳಿಸುತ್ತಿದ್ದರು.

ಊರಿಗೆ ಬಂದು ಅಪ್ಪನ ಸೀರೆ ಅಂಗಡಿಯಲ್ಲಿ ಕೂತರು. ಭಾನುವಾರ ವಿದ್ಯಾಗಿರಿಗೆ ಹೋಗಿ ಕಾಲೇಜು ಹುಡುಗರ ಜೊತೆ ಆಡುವುದು, ಉಳಿದ ದಿನ ಗಿರಾಕಿಗಳ ಮುಂದೆ ಸೆರಗು ಬಿಡಿಸಿ ತೋರಿಸುವುದು. ಸಂಜೆ ಹಿತ್ತಿಲಿನ ಕಲ್ಲುಹಾಸಿನ ಮೇಲೆ ಚೆಂಡು ಬಡಿಯುವ ಸದ್ದು ಕೇಳುತ್ತಿತ್ತು. ಉತ್ತರಪತ್ರಿಕೆ ತಿದ್ದುವ ನನಗೆ ಅದು ದೊಡ್ಡ ರಗಳೆ. ಅದಕ್ಕಿಂತ ದೊಡ್ಡ ರಗಳೆ ಶೇಂಗಾ ಹಿಂಡಿಯದು. ರೊಟ್ಟಿಗೆ ಹಚ್ಚಿಕೊಳ್ಳುವ ಆ ಪುಡಿಯ ಡಬ್ಬಿ ಅಡುಗೆಮನೆಯ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲಿರುತ್ತದೆ. ನಾನು ಕೈ ಚಾಚಿದರೆ ಸಿಗುತ್ತದೆ. ಆದರೆ ನಮ್ಮವರು ಬಿಡಬೇಕಲ್ಲ! "ನೀ ಮುಟ್ಟಬ್ಯಾಡ" ಎನ್ನುತ್ತ ಎರಡು ಹೆಜ್ಜೆ ಓಡಿ ಬಂದು, ಹಾರಿ, ಡಬ್ಬಿಯನ್ನು ಬೆರಳ ತುದಿಯಿಂದ ತಟ್ಟಿ ಕೆಳಗೆ ಬೀಳುವಾಗ ಹಿಡಿಯಬೇಕು. ಕೆಲವು ಸಲ ಮುಚ್ಚಳ ಬಿಚ್ಚಿ ಅರ್ಧ ಹಿಂಡಿ ತಲೆಗೆ, ಅರ್ಧ ರೊಟ್ಟಿಗೆ. ನಮ್ಮ ಮನೆಯಲ್ಲಿ ತಗ್ಗು ಬೀಳದ ಡಬ್ಬಿ ಒಂದೂ ಇಲ್ಲ. ಇದಕ್ಕಾಗಿ ನಾನು ಮಾಡಿದ ಜಗಳಗಳಿಗೆ ಲೆಕ್ಕವಿಲ್ಲ.

ಎರಡು ವರ್ಷದ ಹಿಂದೆ ಪುಣೆಯಲ್ಲಿ ಒಂದು ತಂಡದ ಆಯ್ಕೆ ಇದೆಯೆಂದು ತಿಳಿಯಿತು. "ಇದ ಕಡೇದು. ಈ ಸಲ ಖರೆ ಎಷ್ಟೈತೋ ಅಷ್ಟ ಬರೀತೇನಿ" ಅಂದರು ನಮ್ಮವರು. ಖರೆ ಎಷ್ಟಿದೆ ಎಂಬುದು ಯಾರಿಗೆ ಗೊತ್ತು? ಆ ಕಂಬಗಳ ದೆಸೆಯಿಂದ ಅಳತೆ ಎಂದರೆ ಮುಖ ತಿರುಗಿಸುವ ಮನುಷ್ಯ ಅವರು, ಕಂಬ ತೋರಿಸಿದ ಅಂಕಿಯನ್ನು ಒಮ್ಮೆಯೂ ನೋಡಿಕೊಂಡವರಲ್ಲ. ಆಗ ಮಾವನವರು ಮುಂದೆ ಬಂದರು. ಅವರ ಅಂಗಡಿಯಲ್ಲಿ ಸೀರೆಯ ಜೊತೆ ಕುಪ್ಪಸದ ಖಣವನ್ನೂ ಅಳೆದು ಕೊಡುತ್ತಾರೆ. "ನನ್ನ ಅಳತಿ ಬಗ್ಗೆ ಈ ಪ್ಯಾಟ್ಯಾಗ ಯಾರೂ ಇವತ್ತಿನತನಕ ಒಂದ ಮಾತು ಆಡಿಲ್ಲ" ಎಂದು ಮಗನನ್ನು ಅಂಗಡಿಯ ಬಿಳಿ ಗಾದಿಯ ಮೇಲೆ ಉದ್ದಕ್ಕೆ ಮಲಗಿಸಿದರು. ಹಿಮ್ಮಡಿಯಿಂದ ಮೀಟರ್ ಪಟ್ಟಿ ಹಿಡಿದರು. ಸೊಂಟದ ಹತ್ತಿರ ಪಟ್ಟಿ ಮುಗಿಯಿತು, ಕೈಯಿಟ್ಟರು, ಮಗ ಕಚಗುಳಿಗೆ ಹೊರಳಾಡಿದ, "ಸುಮ್ನ ಬೀಳಲೇ" ಎಂದು ಗದರಿ ಪಟ್ಟಿಯನ್ನು ಮುಂದಕ್ಕೆ ಒಯ್ದರು. "ಒಂದು ಮೀಟರು, ಮ್ಯಾಲ ಅರವತ್ತಾರು. ಬರಕೋ." ಗಣಿತದ ಶಿಕ್ಷಕಿಯಾದ ನಾನು ಅಲ್ಲೇ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ.

ಪುಣೆಯಲ್ಲಿ ಮತ್ತದೇ ಕಂಬ. ಅಳೆಯುವವನು ಒಮ್ಮೆ ನೋಡಿದ, ಮತ್ತೊಮ್ಮೆ ನೋಡಿದ, ಬೂಟು ಬಿಚ್ಚಿಸಿ ನೋಡಿದ. ಬರೆದದ್ದಕ್ಕಿಂತ ಎರಡು ಸೆಂಟಿಮೀಟರು ಹೆಚ್ಚು! ಬರೆದದ್ದಕ್ಕಿಂತ ಉದ್ದ ಬಂದ ಆಟಗಾರನನ್ನು ತಾನು ಈವರೆಗೆ ಕಂಡಿಲ್ಲವೆಂದು ಅವನು ಎಲ್ಲರನ್ನೂ ಕರೆದು ತೋರಿಸಿದನಂತೆ. ತಂಡದ ಕೋಚ್ ಕೂಡ ನಗುತ್ತ ಬಂದು, ಎತ್ತರವನ್ನೇ ಮುಚ್ಚಿಟ್ಟವನು ಇನ್ನೂ ಏನೇನು ಮುಚ್ಚಿಟ್ಟಿದ್ದಾನೋ ನೋಡೋಣ, ಮಧ್ಯಾಹ್ನದ ಆಟಕ್ಕೆ ಇರಲಿ ಅಂದನಂತೆ. ನಮ್ಮವರಿಗೆ ಬೇಕಾದದ್ದು ಅಷ್ಟೇ, ಒಂದು ಮಧ್ಯಾಹ್ನ. ಉದ್ದನೆಯವರ ತೋಳುಗಳ ಕೆಳಗೆ ನುಸುಳಿ ಆಡಿದರು. ಸಂಜೆ ಫೋನು ಬಂತು: "ಶೈಲಾ, ತಗೊಂಡ್ರು."

ಆ ಎರಡು ಸೆಂಟಿಮೀಟರು ಎಲ್ಲಿಗೆ ಹೋಗಿತ್ತು ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಒಂದು ದಿನ ಅಂಗಡಿಯಲ್ಲಿ ಕೂತಿದ್ದಾಗ ಮಾವನವರು ಗಿರಾಕಿಯೊಬ್ಬಳಿಗೆ ಖಣ ಅಳೆಯುತ್ತಿದ್ದರು. ಮೀಟರು ಮುಗಿದ ಕಡೆ ಹೆಬ್ಬೆರಳು ಒತ್ತಿದರು, ಪಟ್ಟಿಯನ್ನು ಹೆಬ್ಬೆರಳಿನ ಆಚೆಯಿಂದ ಶುರುಮಾಡಿದರು. ಬೆರಳಿನ ಕೆಳಗಿನ ಬಟ್ಟೆ ಲೆಕ್ಕಕ್ಕಿಲ್ಲ, ಅದು ಗಿರಾಕಿಗೆ ಪುಕ್ಕಟೆ. "ಮಾವಾರ, ಹೆಬ್ಬಟ್ಟು!" ಎಂದು ಕೂಗಿದೆ. ಅವರು ತಮ್ಮ ಹೆಬ್ಬೆರಳನ್ನು ಸ್ವಲ್ಪ ಹೊತ್ತು ನೋಡಿಕೊಂಡರು. "ಮಗನ್ನ ಅಳಿಯೂವಾಗೂ ಬಿಟ್ಟೆನೇನವಾ ತಂಗಿ?" ಎಂದು ಪೇಚಾಡಿ, ಆಮೇಲೆ ಸಮಾಧಾನವಾಗಿ, "ಹೋಗಲಿ ಬಿಡು, ಗಿರಾಕಿಗೆ ಲಾಭ ಆತಲ್ಲ" ಅಂದರು. ನಾನು ಆ ದಿನದಿಂದ ಅವರನ್ನು ಗೋಳು ಹೊಯ್ದುಕೊಂಡಿದ್ದೇ ಹೊಯ್ದುಕೊಂಡಿದ್ದು. ನಿಮ್ಮ ಲೆಕ್ಕಕ್ಕೆ ನಮ್ಮ ಶಾಲೆಯಲ್ಲಾದರೆ ಸೊನ್ನೆ ಹಾಕುತ್ತಿದ್ದೆ ಎಂದು ಎಷ್ಟು ಸಲ ಹೇಳಿದ್ದೇನೋ.

ಈಗ ನಮ್ಮವರು ವರ್ಷದ ಹೆಚ್ಚು ಪಾಲು ಊರಲ್ಲಿಲ್ಲ. ಮ್ಯಾಚಿದ್ದಾಗ ಮೊಬೈಲಿನಲ್ಲಿ ನೋಡುತ್ತೇವೆ. ಹುಡುಕುವುದು ಸುಲಭ, ತಲೆಗಳ ಸಾಲಿನಲ್ಲಿ ಎಲ್ಲಿ ತಗ್ಗು ಕಾಣುತ್ತದೋ ಅಲ್ಲಿ ಅವರು. ಬಹಳ ಹೊತ್ತು ಬೆಂಚಿನ ಮೇಲೆಯೇ ಕೂತಿರುತ್ತಾರೆ. "ಅವಗೂ ಒಂದೀಟು ಚೆಂಡು ಕೊಡ್ರೋ" ಎಂದು ಮಾವನವರು ಮೊಬೈಲಿಗೆ ಬೈಯುತ್ತಾರೆ. ಆಡಿಸುವುದು ನಾಲ್ಕಾರು ನಿಮಿಷ ಮಾತ್ರ. ಆಮೇಲೆ ಮನೆ ಸುಮ್ಮನಾಗಿಬಿಡುತ್ತದೆ. ಉತ್ತರಪತ್ರಿಕೆಗಳನ್ನು ಬೇಕಾದಷ್ಟು ತಿದ್ದಬಹುದು, ಹಿತ್ತಿಲಿನಲ್ಲಿ ಸದ್ದೇ ಇಲ್ಲ. ಆದರೆ ತಿದ್ದಲು ಮನಸ್ಸಾಗುವುದಿಲ್ಲ. ಹಿಂಡಿಯ ಡಬ್ಬಿ ನನ್ನ ಕೈಗೆ ಎಟುಕುವಲ್ಲೇ ಇದೆ, ತೆಗೆಯುವುದಿಲ್ಲ. ಬರೀ ಮೊಸರು ಹಚ್ಚಿಕೊಂಡು ರೊಟ್ಟಿ ತಿನ್ನುತ್ತೇನೆ. ಹೇಳಿಕೊಳ್ಳಲು ನಾಚಿಕೆ ಯಾಕೆ, ನನಗೆ ಅವರು ಬೇಕು. ತಲೆಯ ತುಂಬ ಶೇಂಗಾ ಪುಡಿ ಉದುರಿಸಿಕೊಂಡು ಅಡುಗೆಮನೆಯಲ್ಲಿ ನಿಂತಿರಬೇಕು.

ತಂಡದ ಒಪ್ಪಂದ ಆಗಿದ್ದದ್ದು ಈ ಬೇಸಿಗೆಯವರೆಗೆ. ಮುಂದೆ ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ತಿಳಿಯದ ಆ ದಿನಗಳಲ್ಲಿ ಅತ್ತೆಯವರು ಬಾದಾಮಿಯ ಬನಶಂಕರಿಗೆ ಹೋಗಿ ಬಾ ಎಂದು ಕಳಿಸಿದರು. ಹೋದೆ. ದೇವಿಯ ಮುಂದೆ ಕೈಮುಗಿದು ನಿಂತ ಮೇಲೆ ಗೊತ್ತಾಯಿತು, ಏನು ಕೇಳಬೇಕೆಂದು ಯೋಚಿಸಿಕೊಂಡೇ ಬಂದಿಲ್ಲ. ಇಟ್ಟುಕೊಳ್ಳಲಿ ಎಂದರೆ ಮತ್ತೆ ಈ ಸುಮ್ಮನಿರುವ ಮನೆ. ಬಿಟ್ಟುಬಿಡಲಿ ಎಂದರೆ, ಮತ್ತೆ ಆ ಗಾದಿಯ ಮೇಲೆ ಕೂತು ಸೆರಗು ಬಿಡಿಸಿ ತೋರಿಸುವ ಆ ಮುಖವನ್ನು ನಾನೇ ನೋಡಬೇಕು. ಹಿಂದಿನವರು "ಸರೀರಿ ಅಕ್ಕಾರ, ದೇವರು ಕಾಣವಲ್ದು" ಎನ್ನುತ್ತಿದ್ದರು. "ಅವರಿಗೇನು ಬೇಕೋ ಅದನ್ನ ಕೊಡವ್ವ" ಎಂದೆ. ಮನಸ್ಸು ಅದರ ಹಿಂದೆಯೇ ಇನ್ನೊಂದು ಮಾತು ಸೇರಿಸುವ ಮೊದಲು ಅವಸರವಾಗಿ ಹೊರಗೆ ಬಂದುಬಿಟ್ಟೆ.

ದೇವಿ ಮೊದಲ ಮಾತನ್ನು ಮಾತ್ರ ಕೇಳಿಸಿಕೊಂಡಳು. ಹೋದ ವಾರ ಫೋನು ಬಂತು. "ಇನ್ನೊಂದು ವರ್ಷಕ್ಕ ಇಟಗೊಂಡಾರ ಶೈಲಾ!" ಆ ದನಿಯಲ್ಲಿದ್ದ ಸಂತೋಷ ಕೇಳಿ ನಾನು ನಿಜವಾಗಿಯೂ ಕುಣಿದೆ, ಬಾಗಿಲ ಚೌಕಟ್ಟಿಗೆ ತಲೆ ಬಡಿಯಿತು. ಮಾವನವರು ಪೇಟೆಗೆಲ್ಲ ಪೇಡೆ ಹಂಚಿದರು. ಎಲ್ಲ ಮುಗಿದ ಮೇಲೆ ಫೋನು ಮಾಡಿ ಕೇಳಿದೆ, "ಮನಿಗೆ ಯಾವಾಗ ಬರ್ತೀರಿ?" ಅವರು, "ಈಗ ಇಲ್ಲೇ ತರಬೇತಿ ಐತಂತ. ದೀಪಾವಳಿಗೆ ಬರ್ತೇನಿ. ಡಬ್ಬಿ ಕೆಳಗ ಇಳಿಸಬ್ಯಾಡ ಮತ್ತ" ಅಂದರು.

ಫೋನಿಟ್ಟು ಅಡುಗೆಮನೆಗೆ ಹೋಗಿ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತೆ. ದೀಪಾವಳಿಯವರೆಗೆ ದಿನ ಎಣಿಸತೊಡಗಿದೆ. ಒಂದು ತಿಂಗಳಿನ ಎಣಿಕೆ ಮುಗಿಯಿತು. ಹಾಳೆ ತಿರುವುವ ಮೊದಲು ಕೊನೆಯ ಸಾಲಿನ ಮೇಲೆ ಹೆಬ್ಬೆರಳು ಒತ್ತಿದೆ, ಅದರ ಆಚೆಯಿಂದ ಮುಂದಿನ ತಿಂಗಳು ಶುರುಮಾಡಿದೆ. ಅದರ ಕೊನೆಗೂ ಹೆಬ್ಬೆರಳು. ಹಾಗೆ ಅಳೆಯುತ್ತ ಹೋದರೆ ದೀಪಾವಳಿ ಅಷ್ಟೇನೂ ದೂರವಿಲ್ಲ. ಹಿಂದೆ ಯಾರೋ ಕೆಮ್ಮಿದಂತಾಯಿತು. ತಿರುಗಿದರೆ ಮಾವನವರು, ಕೈಯಲ್ಲಿ ಉಳಿದ ಪೇಡೆಯ ಡಬ್ಬಿ ಹಿಡಿದು, ನನ್ನ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದರು. ಈಗ ಅವರು ನನಗೆ ಸೊನ್ನೆ ಹಾಕಬಹುದಿತ್ತು, ಹಾಕಲಿಲ್ಲ. ಒಂದು ಪೇಡೆ ಕೊಟ್ಟು, "ಅಳಿಯವಾ ತಂಗಿ, ದೀಪಾವಳಿತನಕ ನಾನೂ ಹಂಗ ಅಳದೇನಿ" ಎಂದು ಹೊರಗೆ ಹೋದರು.