ಬೆನ್ನು ತೋರಿಸಿ ಕುಳಿತ ಕಣಜ ಗೂಬೆಯವರಿಗೆ

ಗೆ,
ಮಾನ್ಯ ಕಣಜ ಗೂಬೆಯವರು,
ಬಿಸಿಯೂಟದ ಅಕ್ಕಿ ಕೋಣೆಯ ಬೆಳಕಿಂಡಿ, ನಮ್ಮೂರ ಶಾಲೆ,
ಮಂಗಳೂರು ಹೋಬಳಿ (ಕಡಲಿಲ್ಲದ ಮಂಗಳೂರು), ಯಲಬುರ್ಗಾ ತಾಲೂಕು, ಕೊಪ್ಪಳ ಜಿಲ್ಲೆ.

ದಿನಾಂಕ: ೨೦ ನವೆಂಬರ್ ೨೦೦೬

ಮಾನ್ಯರೇ,

ತಮ್ಮ ಹಗಲಿನ ನಿದ್ದೆ ನಿರಾತಂಕವಾಗಿ ಸಾಗಲಿ, ತಮ್ಮ ಬೇಟೆಗೆ ಯಾವ ಕಾಲಕ್ಕೂ ಕೊರತೆ ಬಾರದಿರಲಿ, ಬೆಳಕಿಂಡಿಯೊಳಗಿನ ತಮ್ಮ ನಾಲ್ಕೂ ಮರಿಗಳು ಚುರುಕು ಕಿವಿಯವರಾಗಿ ಬಾಳಲಿ ಎಂದು ಮೊದಲಿಗೆ ಮನಸಾರೆ ಹಾರೈಸಿ, ಈ ಊರಿನ ಖಾಯಂ ನಿವಾಸಿಯೂ, ರೈತ ಸಂಪರ್ಕ ಕೇಂದ್ರದ ಗುಮಾಸ್ತನೂ, ಗಂಗಾವತಿಯಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಯಲ್ಲಿ ವರ್ಷಕ್ಕೊಮ್ಮೆ ಗೆದ್ದವರ ಕೈಗೆ ತಿರುಗುವ ಫಿರತಿ ಢಾಲನ್ನು ಸತತ ಮೂರು ವರ್ಷ ಬೇರೆಯವರ ಕೈಗೆ ಹೋಗಗೊಡದವನೂ ಆದ ವಿರುಪಣ್ಣ ಎಂಬ ನಾನು ಈ ದೂರನ್ನು ತಮ್ಮ ಸನ್ನಿಧಿಗೆ ಸಲ್ಲಿಸುತ್ತಿದ್ದೇನೆ. ತಾವು ಓದಲಾರಿರಿ ಎಂಬುದು ನನಗೆ ಗೊತ್ತಿದೆ. ಆದರೆ ಇಲಾಖೆಯಲ್ಲಿ ಹದಿನಾರು ವರ್ಷ ಅರ್ಜಿಗಳ ನಡುವೆ ಕುಳಿತ ಅನುಭವದಿಂದ ಹೇಳುತ್ತೇನೆ, ವಿಳಾಸದಾರರು ಓದುತ್ತಾರೆಂಬ ಭರವಸೆಯಿಂದ ಯಾರೂ ಅರ್ಜಿ ಬರೆಯುವುದಿಲ್ಲ. ಇದು ಬಹಿರಂಗ ಪತ್ರವಾದ್ದರಿಂದ ಒಂದು ಪ್ರತಿಯನ್ನು ಶಾಲೆಯ ಫಲಕಕ್ಕೂ ಇನ್ನೊಂದನ್ನು ಪಂಚಾಯತಿ ಗೋಡೆಗೂ ನಾನೇ ಅಂಟಿಸಲಿದ್ದೇನೆ.

ವೃತ್ತಿಯಲ್ಲಿ ನಾವಿಬ್ಬರೂ ಸಹೋದ್ಯೋಗಿಗಳೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಹೊಲದ ಇಲಿಗಳಿಗೆ ಪಾಷಾಣ ಹಂಚುವ ರಿಜಿಸ್ಟರು ನನ್ನ ಟೇಬಲ್ಲಿನ ಮೇಲಿದೆ. ತಾವು ರಿಜಿಸ್ಟರು ಇಲ್ಲದೆಯೇ ಅದೇ ಕೆಲಸ ಮಾಡುತ್ತೀರಿ, ಬಹುಶಃ ಅದಕ್ಕೇ ತಮ್ಮ ಕೆಲಸ ಆಗುತ್ತದೆ. ಆದ್ದರಿಂದ ಈ ದೂರನ್ನು ಹಗೆತನವೆಂದು ತಾವು ಭಾವಿಸಬಾರದು.

ತಮಗೆ ನೆನಪಿರಬಹುದು, ದೀಪಾವಳಿ ರಜೆ ಮುಗಿದ ಮೇಲೆ ನಾಲ್ಕನೆಯ ಇಯತ್ತೆಯ ದ್ರಾಕ್ಷಾಯಿಣಿ ಟೀಚರು ಕುಷ್ಟಗಿಯ ತರಬೇತಿಯಿಂದ ಬರುವಾಗ ನಾಲ್ಕು ಬಗೆಯ ಗೂಬೆಗಳ ರೇಖಾಚಿತ್ರಗಳನ್ನು ತಂದು, ಝೆರಾಕ್ಸ್ ಮಾಡಿಸಿ, ಮಕ್ಕಳಿಗೆ ಬಣ್ಣ ತುಂಬಲು ಹಂಚಿದರು. ಪ್ರತಿ ಹಾಳೆಯ ಕೆಳಗೆ ನಾಲ್ಕು ಸಾಲಿನ ವಿವರಣೆ. ಕೊಂಬಿನ ಗೂಬೆಗೆ ಕಿತ್ತಳೆ ಕಣ್ಣು, ಅದು ಹುಲಿಹೈದರದ ಕಡೆಯ ಕಲ್ಲುಗುಡ್ಡಗಳಂಥ ಜಾಗದಲ್ಲಿರುವುದು. ಮೀನು ಗೂಬೆಗೆ ಹಳದಿ ಕಣ್ಣು, ಕಾಲಿಗೆ ಗರಿಯ ಕಾಲುಚೀಲವಿಲ್ಲ, ಹುಲಿಗಿಯ ಹೊಳೆದಂಡೆಯಂಥ ನೀರಿನ ಆಸರೆ ಅದಕ್ಕೆ ಬೇಕು. ಹಾಲಕ್ಕಿಯದು ಬೂದು ಮೈ, ಮೈತುಂಬ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆ. ಕೊನೆಗೆ ತಾವು: ಹೊನ್ನಿನ ಬಣ್ಣದ ಬೆನ್ನು, ಕಪ್ಪು ಕಣ್ಣು, ಬಿಳಿಯ ಮುಖ. ಮೊದಲ ಮೂರನ್ನು ಹಾಳೆ ನೋಡಿ ತುಂಬಿರಿ, ಕಣಜ ಗೂಬೆ ನಮ್ಮ ಶಾಲೆಯಲ್ಲೇ ಇರುವುದರಿಂದ ಅದನ್ನು ಮಾತ್ರ ಕಣ್ಣಾರೆ ನೋಡಿ ತುಂಬಿರಿ ಎಂದು ಟೀಚರ ಅಪ್ಪಣೆಯಾಯಿತು.

ನನ್ನ ಮೊದಲನೆಯ ಆಕ್ಷೇಪಣೆ ಇಲ್ಲಿಂದ ಹೊರಡುತ್ತದೆ. ಮೂವತ್ತೊಂದು ಮಕ್ಕಳು ಹನ್ನೆರಡು ಬಣ್ಣದ ಪೆಟ್ಟಿಗೆ ಹಿಡಿದು, ಕೆಮ್ಮನ್ನು ಸಹ ನುಂಗಿಕೊಂಡು, ಅಕ್ಕಿ ಕೋಣೆಯ ಬಾಗಿಲಲ್ಲಿ ಮೂರು ದಿನ ಸರದಿಯಲ್ಲಿ ನಿಂತರೂ ತಾವು ಗೋಡೆಗೆ ಮುಖಮಾಡಿ ಬೆನ್ನನ್ನಷ್ಟೇ ದಯಪಾಲಿಸಿದಿರಿ. ಗೂಬೆಯು ಕತ್ತನ್ನು ಮುಕ್ಕಾಲು ಸುತ್ತು ತಿರುಗಿಸಬಲ್ಲದೆಂದು ಅದೇ ಹಾಳೆಯ ಎರಡನೆಯ ಸಾಲಿನಲ್ಲಿ ಅಚ್ಚಾಗಿರುವಾಗ ಮಕ್ಕಳ ಮುಂದೆ ಕಾಲು ಸುತ್ತೂ ತಿರುಗದಿರುವುದು ಪಠ್ಯಕ್ಕೆ ಮಾಡಿದ ಅಪಚಾರವಲ್ಲವೇ? ಪರಿಣಾಮವಾಗಿ ತಮ್ಮ ಬೆನ್ನು ಮೂವತ್ತೊಂದು ಹಾಳೆಗಳಲ್ಲಿಯೂ ನಿಖರವಾಗಿದೆ, ಮುಖ ಮಾತ್ರ ಅವರವರ ಭಕುತಿಗೆ ಬಿಟ್ಟದ್ದಾಗಿದೆ. ಒಬ್ಬನು ತಮಗೆ ಫೌಜದಾರರ ಮೀಸೆ ಬರೆದಿದ್ದಾನೆ. ಒಬ್ಬಳು ಕಾಡಿಗೆ ಹಚ್ಚಿ ಹಣೆಗೆ ಕುಂಕುಮವಿಟ್ಟು ಮದುವೆಗೆ ಸಿದ್ಧಪಡಿಸಿದ್ದಾಳೆ.

ಹಾಳೆಗಳು ಮನೆಗೆ ಹೋದ ಮೇಲೆ ಊರಿನಲ್ಲಿ ನಡೆದುದನ್ನು ತಾವು ನಿದ್ದೆಯಲ್ಲಿದ್ದ ಕಾರಣ ತಿಳಿದಿರಲಾರಿರಿ. 'ಗೂಬಿಗೆ ಬಣ್ಣಾ ಹಚ್ಚಿದ ಕೈಲೆ ರೊಟ್ಟಿ ಮುಟ್ಟಬ್ಯಾಡ, ಮೊದ್ಲ ಕೈ ತೊಳಕೊಂಡು ಬಾ' ಎಂದು ಓಣಿಯ ಹಿರಿಯಳಾದ ದುರುಗವ್ವ ಮೊಮ್ಮಗಳನ್ನು ಹೊಸ್ತಿಲಲ್ಲೇ ತಡೆದಳು. ಮೂರು ಗೂಬೆಗಳು ಅಂದೇ ಮಡಚಿಕೊಂಡು ಶಾಲೆಗೆ ಮರಳಿದವು. ಹಾಲಕ್ಕಿಯೊಂದು ಮಾತ್ರ ಅವಳ ತಲಬಾಗಿಲ ಮೇಲೆ ಅಂಟಿ, ಅರಿಸಿನ ಕುಂಕುಮ ಏರಿಸಿಕೊಂಡು, ಮರುದಿನದಿಂದ ಊದಿನಕಡ್ಡಿಯನ್ನೂ ಅನುಭವಿಸತೊಡಗಿತು. ಹಾಲಕ್ಕಿಯ ಶಕುನವೆಂದರೆ ನಮ್ಮಲ್ಲಿ ಲಕ್ಷ್ಮಿ ಬಂದು ಕದ ತಟ್ಟಿದಂತೆ ಎಂಬುದನ್ನು ತಾವೂ ಕೇಳಿರುತ್ತೀರಿ. ಒಂದೇ ವಾರದಲ್ಲಿ ಹನ್ನೊಂದು ಬಾಗಿಲುಗಳು ಅವಳನ್ನು ಅನುಸರಿಸಿದವು.

ದ್ರಾಕ್ಷಾಯಿಣಿ ಟೀಚರು ಪಾಠ ಮಾಡುವುದನ್ನು ಶಾಲೆಯ ಗೇಟಿನೊಳಗೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಅವರು ದುರುಗವ್ವನ ಬಾಗಿಲಿಗೇ ಹೋಗಿ, 'ಅವ್ವಾರ, ಹಾಲಕ್ಕೀನೂ ಗೂಬಿ ಜಾತೀದ ಐತ್ರಿ. ಎಲ್ಲಾರೂ ಅಣ್ಣತಮ್ಮರು' ಎಂದುಬಿಟ್ಟರು. ದುರುಗವ್ವ ಹಾಳೆಯನ್ನೊಮ್ಮೆ ನೋಡಿದಳು, ಟೀಚರನ್ನೊಮ್ಮೆ ನೋಡಿದಳು. 'ಯವ್ವಾ, ನಿನ್ನ ಸಾಲಿ ನಿನ್ನ ಹಂತ್ಯಾಕ ಇಟ್ಕೊ. ಹಾಲಕ್ಕಿ ಹಾಲಕ್ಕೀನ, ಗೂಬಿ ಗೂಬೀನ. ನಾಳೆ ನಮ್ಮ ಆಕಳಾನೂ ಕತ್ತಿ ತಂಗಿ ಅಂತಿ!' ನಿರ್ಣಾಯಕರು ಇದ್ದಿದ್ದರೆ ಆ ಆಕಳು-ಕತ್ತೆಯ ಉಪಮೆಗೆ ಐದು ಅಂಕಗಳನ್ನಾದರೂ ಕೊಡುತ್ತಿದ್ದರು.

ಈ ಸಂದರ್ಭದಲ್ಲಿ ತಮಗೊಂದು ಹಿತವಚನ. ತಮ್ಮ ದಾಯಾದಿಯಾದ ಹಾಲಕ್ಕಿಯ ಪರವಾಗಿ ಬುಡಬುಡಕಿಯವರು ಬೆಳಗ್ಗೆದ್ದು ಮನೆಮನೆಯ ಮುಂದೆ ನಿಂತು 'ಹಾಲಕ್ಕಿ ನುಡಿದೈತಿ, ಶುಭಾ ನುಡಿದೈತಿ' ಎಂದು ವಕಾಲತ್ತು ವಹಿಸುತ್ತಾರೆ. ತಮಗೆ ವಕೀಲರಿಲ್ಲ. ಇರುವ ಸ್ವಂತ ದನಿಯೋ ಎಣ್ಣೆ ಕಾಣದ ಬಾಗಿಲನ್ನು ಎಳೆದಂತಿದೆ. ಅಕ್ಕಿ ಕೋಣೆಗೆ ತಾವು ಬಂದ ಮೇಲೆ ಒಂದು ಚೀಲವೂ ತೂತಾಗಿಲ್ಲವೆಂದು ಅಡುಗೆಯವರು ಪಿಸುಮಾತಿನಲ್ಲಿ ಒಪ್ಪುತ್ತಾರೆ, ಗಟ್ಟಿಯಾಗಿ ಹೇಳಿರೆಂದರೆ ಸೌಟು ಹಿಡಿದು ಒಳಗೆ ಹೋಗುತ್ತಾರೆ. ಒಳ್ಳೆಯ ಕೆಲಸವನ್ನು ಹೀಗೆ ಸದ್ದಿಲ್ಲದೆ ಮಾಡುವ ತಮ್ಮ ದುಶ್ಚಟವೇ ತಮ್ಮ ಸಕಲ ಸಂಕಷ್ಟಗಳ ಮೂಲವೆಂದು ಗೌರವಪೂರ್ವಕವಾಗಿ ನಿವೇದಿಸುತ್ತೇನೆ.

ಈಗ ಎರಡನೆಯ ಆಕ್ಷೇಪಣೆ. ಕಳೆದ ಗುರುವಾರ ಶಾಲೆಯ ಬೇವಿನ ಮರದಡಿ ತಮ್ಮ ಮೇಲಿನ ಆರೋಪಗಳ ವಿಚಾರಣೆಗೆ ಪಾಲಕರ ಸಭೆ ಸೇರಿತು. ತಾವು ಇಪ್ಪತ್ತು ಹೆಜ್ಜೆ ದೂರದಲ್ಲಿ ಮನೆಯಲ್ಲೇ ಇದ್ದೂ ಹಾಜರಾಗಲಿಲ್ಲ. ಶಾಲಾ ಸಮಿತಿಯ ಅಧ್ಯಕ್ಷರಾದ ಹುಲಗಪ್ಪನವರು ಎದ್ದು ನಿಂತು, ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿ, 'ಸುಮ್ಮ ಸುಮ್ಮನ ಹೇಳಾಕತ್ತಿಲ್ರಿ ನಾನು. ಹ್ವಾದ ವರ್ಷ ವಿರುಪಣ್ಣಾರ ಮಾಳಿಗಿ ಮ್ಯಾಲ ಇದ ಗೂಬಿ ಬಂದು ಕುಂತಿತ್ತು. ಮರುದಿನಾನ ಕೂಸು ಹೋತು. ಇದಕ್ಕಿಂತ ಪುರಾವೆ ಬೇಕೇನ್ರಿ?' ಎಂದು ಕೇಳಿದರು. ಬಡಿಗೇರ ಶಾಮೀದಸಾಬರು ಬರುವ ಗುರುವಾರ ತಮ್ಮ ಬೆಳಕಿಂಡಿಗೆ ಹಲಗೆ ಜಡಿಯತಕ್ಕದ್ದು, ಮಕ್ಕಳ ಗೂಬೆ ಹಾಳೆಗಳನ್ನೆಲ್ಲ ಒಟ್ಟು ಮಾಡಿ ಬಿಸಿಯೂಟದ ಒಲೆಗೆ ಹಾಕತಕ್ಕದ್ದು ಎಂದು ಠರಾವಾಯಿತು. ಹಾಲಕ್ಕಿಯ ಹಾಳೆಗೆ ವಿನಾಯಿತಿ. ಶಾಮೀದಸಾಬರು ತಲೆ ಕೆರೆದುಕೊಂಡು, 'ಒಳಗ ಮರಿ ಅದಾವಲ್ರಿ ಅಧ್ಯಕ್ಷರ' ಎಂದದ್ದು ನಡಾವಳಿಯಲ್ಲಿ ದಾಖಲಾಗಿಲ್ಲ.

ಆಗ ಇಡೀ ಸಭೆ ನನ್ನ ಕಡೆ ತಿರುಗಿತು. ಸತ್ತವಳ ತಂದೆ ನಾನು. ನಾನೊಂದು ಮಾತು ಹೇಳಿದ್ದರೆ ಠರಾವು ಅಲ್ಲಿಯೇ ಬಿದ್ದುಹೋಗುತ್ತಿತ್ತು. 'ಇದಾದ ಮೇಲೆ ಇದು ಆಯಿತು, ಆದ್ದರಿಂದ ಇದರಿಂದಲೇ ಇದು ಆಯಿತು' ಎಂಬ ವಾದವನ್ನು ನಾನು ಇಪ್ಪತ್ತನೆಯ ವಯಸ್ಸಿನಲ್ಲಿ ಗಂಟೆ ಬಾರಿಸುವುದಕ್ಕೆ ಮೊದಲೇ ಪುಡಿ ಮಾಡುತ್ತಿದ್ದವನು. ಆದರೆ ಬಾಯಿ ತೆರೆಯಲಿಲ್ಲ. ಏಕೆಂದು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಅದಕ್ಕೆ ಮುನ್ನ ನನ್ನ ವಿನಂತಿಗಳನ್ನು ಮುಗಿಸಿಬಿಡುತ್ತೇನೆ, ಕೇಳುವುದಕ್ಕೆ ಅವೇ ಸುಲಭ.

ತಾವು ದಯಮಾಡಿ ಊರಿನ ಇನ್ನೂರ ಹದಿನಾಲ್ಕು ಮಾಳಿಗೆಗಳ ಮೇಲೆಯೂ ಪಕ್ಷಪಾತವಿಲ್ಲದೆ ಸರದಿಯಂತೆ ಕುಳಿತುಕೊಳ್ಳಬೇಕು. ಒಂದೇ ಮನೆಯ ಮೇಲೆ ಒಂದೇ ಸಲ ಕುಳಿತು ಹೋಗುವುದು ಪುರಾವೆಯ ದೃಷ್ಟಿಯಿಂದ ತೀರಾ ಬೇಜವಾಬ್ದಾರಿಯ ನಡತೆ. ಸರದಿಯ ಪಟ್ಟಿಯನ್ನು ನಾನೇ ತಯಾರಿಸಿ ಕೊಡುತ್ತೇನೆ. ಹುಲಗಪ್ಪನವರ ಮನೆಯನ್ನು ಅವರ ಹುದ್ದೆಗೆ ತಕ್ಕಂತೆ ಮೊದಲಿಗೇ ಇಟ್ಟಿದ್ದೇನೆ. ಮರುದಿನ ಅವರು ಟವೆಲ್ಲು ಹೊದ್ದು ಚಹಾದಂಗಡಿಗೆ ಎಂದಿನಂತೆ ಬಂದರೆ ಒಂದು ಗೀಟು, ಹೀಗೆ ಇನ್ನೂರ ಹದಿನಾಲ್ಕು ಗೀಟುಗಳಾಗುವ ಹೊತ್ತಿಗೆ ತಮ್ಮ ಮೇಲಿನ ಆರೋಪ ತಾನಾಗಿ ವಜಾ ಆಗುವುದು. ಇದು ಸಾಧ್ಯವಾಗದಿದ್ದರೆ, ಬೆಳಗಿನ ಪ್ರಾರ್ಥನೆಯ ವೇಳೆಗೆ ಧ್ವಜಸ್ತಂಭದ ಮೇಲೆ ಕುಳಿತು ತಾವು ಆ ದಿನ ಹಿಡಿದ ಇಲಿಗಳನ್ನು ಬಾಲ ಸಹಿತ ಸಾಲಾಗಿ ಪ್ರದರ್ಶಿಸಿದರೂ ನಡೆದೀತು.

ಇನ್ನು ಮೂರನೆಯ ಆಕ್ಷೇಪಣೆ, ನಿಜವಾದದ್ದು.

ಅಂಜಲಿ ನನ್ನ ಮಗಳು. ಕೊಪ್ಪಳ ಜಿಲ್ಲೆಯಾದ ವರ್ಷ ಹುಟ್ಟಿದವಳು. ಜಿಲ್ಲೆಗೆ ಎಷ್ಟು ವರ್ಷವಾಯಿತೆಂದು ಕಚೇರಿಯಲ್ಲಿ ಯಾರಾದರೂ ಕೇಳಿದರೆ ಅವಳ ವಯಸ್ಸನ್ನೇ ಹೇಳುತ್ತಿದ್ದೆ. ಈಗಲೂ ಹಾಗೆಯೇ ಹೇಳುತ್ತೇನೆ, ಒಂಬತ್ತು. ಹೋದ ವರ್ಷದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಎರಡನೆಯ ದಿನ ನನ್ನ ಹೆಂಡತಿ ರೇಣುಕಾದೇವಿ, 'ಕೊಪ್ಪಳಕ್ಕ ಒಯ್ಯೂಣ್ರಿ, ಯಾಕೋ ನನ್ನ ಮನಸ್ಸು ಒಲ್ಲೆ ಅನ್ನಾಕತ್ತೈತಿ' ಎಂದಳು. ನಾನು ಮೂರು ಅಂಶಗಳಲ್ಲಿ ಉತ್ತರಿಸಿದೆ: ಊರಲ್ಲಿ ಮನೆಗೊಂದು ಜ್ವರವಿದ್ದರೂ ಯಾರೂ ಕೊಪ್ಪಳಕ್ಕೆ ಓಡಿಲ್ಲ, ಮಳೆಯಲ್ಲಿ ಬಸ್ಸಿನ ಕುಲುಕಾಟ ಜ್ವರಕ್ಕಿಂತ ಕೆಟ್ಟದ್ದು, ಮನಸ್ಸು ಎನ್ನುವುದು ಸಾಕ್ಷ್ಯವಲ್ಲ. ಮೂರನೆಯ ದಿನ ಅವಳು ಮತ್ತೆ ಕೇಳಿದಳು. ನಾನು ಮತ್ತೆ ಗೆದ್ದೆ. ನಾಲ್ಕನೆಯ ದಿನ ಜೀಪು ಕರೆಸಿದಾಗ ವಾದಕ್ಕೆ ವಿಷಯವೇ ಉಳಿದಿರಲಿಲ್ಲ.

ತಾವು ಬಂದದ್ದು ಆ ಮೂರನೆಯ ದಿನದ ಸಂಜೆ, ಮಳೆ ಬಿಟ್ಟಿದ್ದಾಗ. ಅಂಗಳದ ಹೊರಸಿನ ಮೇಲೆ ಮಲಗಿದ್ದ ಅಂಜಲಿ ಮಾಳಿಗೆಯ ಅಂಚನ್ನು ನೋಡಿ, 'ಅಪ್ಪಾ, ಅದರ ಮಾರಿ ನೋಡಿಲ್ಲಿ, ಸೇಬು ಹಣ್ಣು ನಟ್ಟನಡುವ ಕೊಯ್ದಿಟ್ಟಂಗ ಐತಿ' ಎಂದಳು. ಅವಳ ಅವ್ವ ಆಗಷ್ಟೇ ಕೊಯ್ದು ಕೊಟ್ಟ ಸೇಬಿನ ಹೋಳು ಕೈಯಲ್ಲೇ ಇತ್ತು. ಅದನ್ನು ಎತ್ತಿ ಹಿಡಿದು ತಮ್ಮ ಮುಖಕ್ಕೆ ಹೋಲಿಸಿದಳು, ನಕ್ಕಳು. ಜ್ವರ ಇಳಿಯುತ್ತಿದೆ ಎಂಬುದಕ್ಕೆ ನಾನು ಆ ನಗೆಯನ್ನೂ ಪುರಾವೆಯಾಗಿ ಬಳಸಿಕೊಂಡೆ.

ಹೀಗಿರುವಾಗ ಒಂದು ವರ್ಷದಿಂದ ಈ ಊರು ನನ್ನನ್ನು ಕಂಡರೆ, 'ಗೂಬಿ ಕುಂತಿತ್ತಲ್ರಿ, ನೀವರ ಏನ್ ಮಾಡ್ತಿದ್ರಿ ಪಾಪ' ಎನ್ನುತ್ತದೆ. ಆ 'ಪಾಪ'ದ ನೆರಳಿನಲ್ಲಿ ನಾನು ತಣ್ಣಗೆ ಕುಳಿತಿದ್ದೆ. ಗುರುವಾರ ನಾನು ಬಾಯಿ ತೆರೆಯದಿದ್ದುದಕ್ಕೆ ಕಾರಣ ಇಷ್ಟೇ: ತಮ್ಮನ್ನು ನಿರ್ದೋಷಿ ಎಂದರೆ ಮುಂದಿನ ಪ್ರಶ್ನೆ ನನ್ನ ಕಡೆ ಬರುತ್ತಿತ್ತು. ರೇಣುಕಾದೇವಿ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಅವಳೂ ಏನೂ ಹೇಳಲಿಲ್ಲ. ಅವಳಷ್ಟು ಚೆನ್ನಾಗಿ ನನ್ನನ್ನು ಯಾವ ಎದುರಾಳಿಯೂ ಸೋಲಿಸಿಲ್ಲ.

ಆದ್ದರಿಂದ ನನ್ನ ದೂರಿನ ಸಾರಾಂಶ ಹೀಗಿದೆ. ನನಗೆ ಸೇರಬೇಕಾದ ಅಪವಾದವನ್ನು ತಾವು ಒಂದು ವರ್ಷದಿಂದ, ನನ್ನನ್ನು ಒಂದು ಮಾತೂ ಕೇಳದೆ, ತಮ್ಮ ಬೆಳಕಿಂಡಿಯಲ್ಲಿ ಇಟ್ಟುಕೊಂಡಿದ್ದೀರಿ. ಫಿರತಿ ಢಾಲಿನ ನಿಯಮ ತಮಗೆ ತಿಳಿಯದಿರಬಹುದು: ವರ್ಷ ಮುಗಿದೊಡನೆ ಅದನ್ನು ಹಿಂದಿರುಗಿಸತಕ್ಕದ್ದು, ಗೆದ್ದವನು ತಾನೇ ಬಂದು ಒಯ್ಯತಕ್ಕದ್ದು. ಗೆದ್ದವನು ನಾನು. ಈ ಪತ್ರದ ಮೂಲಕ ಸಕಲರ ಸಮಕ್ಷಮದಲ್ಲಿ ಅದನ್ನು ಒಯ್ಯುತ್ತಿದ್ದೇನೆ. ಹುಲಗಪ್ಪನವರು ಇನ್ನು ಪುರಾವೆ ಬೇಕಾದಾಗ ಬೇರೆ ಮನೆಯ ಮಾಳಿಗೆಯನ್ನು ಹುಡುಕಿಕೊಳ್ಳಬೇಕು. ನನ್ನ ಮಗಳ ಹೆಸರನ್ನು ಈ ಠರಾವಿನಿಂದ ಹಿಂತೆಗೆದುಕೊಂಡಿದ್ದೇನೆ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ದ್ರಾಕ್ಷಾಯಿಣಿ ಟೀಚರು ಹಾಜರಿಯ ಹಳೆಯ ಎಣಿಕೆಯಂತೆ ಮೂವತ್ತೆರಡು ಪ್ರತಿ ಮಾಡಿಸಿಬಿಟ್ಟಿದ್ದರು. ಉಳಿದ ತಮ್ಮ ಚಿತ್ರದ ಒಂದು ಹಾಳೆಯನ್ನು ಏನು ಮಾಡಬೇಕೆಂದು ತೋಚದೆ ನಮ್ಮ ಮನೆಗೆ ತಂದುಕೊಟ್ಟರು. ನಿನ್ನೆ ಭಾನುವಾರ ನಾನೂ ರೇಣುಕಾದೇವಿಯೂ ಪಡಸಾಲೆಯಲ್ಲಿ ಕುಳಿತು ಅದಕ್ಕೆ ಬಣ್ಣ ತುಂಬಿದೆವು. ಬಿಳಿ ಹಾಳೆಯ ಮೇಲೆ ಬಿಳಿ ಮುಖಕ್ಕೆ ಯಾವ ಬಣ್ಣವೆಂದು ನಾನು ವಾದ ಹೂಡಿದೆ. ಅವಳು ಒಳಗೆ ಹೋಗಿ ಒಂದು ಸೇಬನ್ನು ನಡುವೆ ಕೊಯ್ದು ತಂದು ಮುಂದಿಟ್ಟಳು. ನಾನು ಸೋತೆ. ಈ ಊರಿನಲ್ಲಿ ತಮ್ಮ ಮುಖ ಸರಿಯಾಗಿ ಬಂದಿರುವುದು ಆ ಒಂದು ಹಾಳೆಯಲ್ಲಿ ಮಾತ್ರ. ಇದೇ ಪತ್ರದ ಪಕ್ಕದಲ್ಲಿ ಅದನ್ನೂ ಫಲಕಕ್ಕೆ ಅಂಟಿಸಲಿದ್ದೇನೆ, ಮಕ್ಕಳು ನೋಡಿ ಮೀಸೆಗಳನ್ನು ಅಳಿಸಿಕೊಳ್ಳಲಿ.

ಇಂತು, ಇಲಿಗಳ ವಿಷಯದಲ್ಲಿ ತಮ್ಮ ಕಿರಿಯ ಸಹೋದ್ಯೋಗಿಯೂ
ತಮ್ಮ ವಿಶ್ವಾಸಿಯೂ ಆದ
ವಿರುಪಣ್ಣ
(ಅಂಜಲಿಯ ತಂದೆ)

ತಾ.ಕ.: ಶಾಮೀದಸಾಬರು ಹಲಗೆಯನ್ನು ಆಗಲೇ ಕೊಯ್ದಿಟ್ಟಿದ್ದರಂತೆ. ಈ ಪತ್ರದ ಕರಡನ್ನು ಓದಿಸಿಕೊಂಡು ಕೇಳಿ, 'ಹಲಗಿ ಎಲ್ಲಿ ಬಡೀಲ್ರಿ ಹಂಗಾರ?' ಎಂದು ಕೇಳಿದರು. ನಮ್ಮ ಮಾಳಿಗೆಯ ಅಂಚಿಗೆ, ಹೊರಸಿನಿಂದ ಕಾಣುವ ಜಾಗದಲ್ಲಿ, ತಮ್ಮ ಪಾದಗಳಿಗೆ ಅನುಕೂಲವಾಗುವಂತೆ ಜಡಿಸಿಕೊಂಡಿದ್ದೇನೆ. ಬರುವ ಗುರುವಾರ ಸಂಜೆ ಮೂವತ್ತೊಂದು ಮಕ್ಕಳು ಬಣ್ಣದ ಪೆಟ್ಟಿಗೆ ಹಿಡಿದು ನಮ್ಮ ಅಂಗಳದಲ್ಲಿ ಕುಳಿತಿರುತ್ತಾರೆ. ಈ ಸಲವಾದರೂ ಮುಖ ಇತ್ತ ಇರಲಿ. ಹುಲಗಪ್ಪನವರಿಗೂ ಆಮಂತ್ರಣ ಹೋಗಿದೆ. ಅವರ ಕಡೆಗೆ ಬೇಕಾದರೆ ಬೆನ್ನು ತೋರಿಸಬಹುದು, ಆಕ್ಷೇಪಣೆ ಇಲ್ಲ.