ಅಂಜುಬುರುಕಿ ಅತ್ತೆಯ ತರಬೇತಿ

ನಮ್ಮ ಅತ್ತೆಗೆ ಅಂಜಿಕೆ ಹುಟ್ಟಿಸದ ವಸ್ತು ಹಾವೇರಿ ಜಿಲ್ಲೆಯಲ್ಲಿ ಇನ್ನೂ ತಯಾರಾಗಿಲ್ಲ! ಹಾವು, ಚೇಳು, ಸಿಡಿಲು ಇವಕ್ಕೆ ಯಾರು ಬೇಕಾದರೂ ಹೆದರುತ್ತಾರೆ, ಅದರಲ್ಲಿ ಹೆಚ್ಚುಗಾರಿಕೆ ಏನು ಬಂತು? ನಮ್ಮ ಅತ್ತೆ ಕುಕ್ಕರಿಗೆ ಹೆದರುತ್ತಾಳೆ. ಅದು ಎರಡನೇ ಸೀಟಿ ಹೊಡೆದರೆ ಸಾಕು, ಅಂಗಳಕ್ಕೆ ಓಡಿಹೋಗಿ ಅಲ್ಲಿಂದಲೇ ಮಾಮಾನನ್ನು ಕೂಗುತ್ತಾಳೆ: "ಏನ್ರೀ, ಲಗೂನ ಒಳಗ ಹೋಗಿ ಗ್ಯಾಸ್ ಆರಸ್ರಿ!"

"ಅದು ಸಿಡದ್ರ ನಾ ಸಾಯ್ಬೇಕೇನು?" ಎಂದು ಮಾಮಾ ಕೇಳಿದರೆ, "ನಿಮಗೇನೂ ಆಗೂದಿಲ್ಲ ಬಿಡ್ರಿ, ನೀವು ಧೈರ್ಯದ ಮನಶ್ಯಾ" ಎನ್ನುತ್ತಾಳೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮನೆ ರಾಣೆಬೆನ್ನೂರಿನಲ್ಲಿ, ಮಾಮಾನದು ಅಲ್ಲೇ ಬೀಜದ ಅಂಗಡಿ. ಅತ್ತೆಗೆ ಬ್ಯಾಡಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ದಿನಾ ಬಸ್ಸಿನಲ್ಲಿ ಓಡಾಟ. ಬಸ್ಸಿನಲ್ಲಿ ಅವಳಿಗೆ ಡ್ರೈವರ್ ಬೆನ್ನ ಹಿಂದಿನ ಸೀಟೇ ಬೇಕು. ಯಾಕೆ? ರಸ್ತೆ ಕಾಯುವುದಕ್ಕೆ! "ಅಣ್ಣಾರ, ಎಮ್ಮಿ ಬಂತು ನೋಡ್ರಿ... ಅಣ್ಣಾರ, ಆ ಲಾರಿಯಂವಾ ತೂಕಡಸಾಕತ್ತಾನೇನೋ..." ಒಂದು ದಿನ ಆ ಡ್ರೈವರು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಹಿಂದೆ ತಿರುಗಿ ಕೈಮುಗಿದ. "ಅಕ್ಕಾರ, ನೀವು ಮುಂದ ಬಂದು ಸ್ಟೇರಿಂಗ್ ಹಿಡೀರಿ. ನಾ ನಿಮ್ಮ ಸೀಟಿನ್ಯಾಗ ಕುಂತು ಅಂಜ್ತೇನಿ!"

ಇಂಥ ಅತ್ತೆಯ ಕಚೇರಿಗೆ ಕಂಪ್ಯೂಟರ್ ಬಂತು. ಎಲ್ಲಾ ಕಚೇರಿಗಳಿಗೂ ಅದು ಬರುತ್ತಿದ್ದ ಕಾಲ. ಮೆಣಸಿನಕಾಯಿಯ ಘಾಟು ಒಳಗೆ ಹೊಗದಿರಲಿ ಎಂದು ಅದಕ್ಕೆ ದಪ್ಪನೆಯ ಬಟ್ಟೆ ಹೊದಿಸಿ ಮೂಲೆಯಲ್ಲಿ ಇಟ್ಟಿದ್ದರು. ಆಯುಧಪೂಜೆಯಂದು ಎಲ್ಲರೂ ಅದಕ್ಕೆ ಕುಂಕುಮ ಹಚ್ಚಿದರೆ ಅತ್ತೆ ಮಾತ್ರ ಬಾಗಿಲಲ್ಲಿ ನಿಂತು ಅಕ್ಷತೆ ಎಸೆದಿದ್ದಳಂತೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ತಿಂಗಳು ಆದೇಶ ಬಂತು: ಹಾವೇರಿಯಲ್ಲಿ ಒಂದು ವಾರ ಕಂಪ್ಯೂಟರ್ ತರಬೇತಿ, ತಪ್ಪದೇ ಹಾಜರಾಗತಕ್ಕದ್ದು. ಅತ್ತೆ ಅನ್ನ ಬಿಟ್ಟಳು. ಅದೂ ಸಾಲದೆಂಬಂತೆ ಕಚೇರಿಯ ಒಬ್ಬ ಮಹಾನುಭಾವ, "ಕಡೀಕ ಪರೀಕ್ಷಾ ಇಡ್ತಾರಂತ್ರೀ, ಫೇಲಾದವರನ್ನ ಬೀದರ ಕಡೆ ಎತ್ತಿ ಒಗಿತಾರಂತ" ಎಂದು ಕಿವಿಯಲ್ಲಿ ಊದಿದ್ದ. ಅಂದಿನಿಂದ ಮನೆಯಲ್ಲಿ ಬೀದರಿನದೇ ಮಾತು. ಅಲ್ಲಿ ಬಿಸಿಲು ಎಷ್ಟು? ಬಾಡಿಗೆ ಮನೆ ಸಿಗುತ್ತದೆಯೇ? ಮಾಮಾನಿಗೆ ಊಟ ಯಾರು ಹಾಕುತ್ತಾರೆ? ಮಾಮಾ ತಣ್ಣಗೆ ಹೇಳಿದ: "ಕುಕ್ಕರ್ ನಾನs ಆರಸ್ತೇನಿ. ಊಟಾನೂ ಹಾಕ್ಕೊಂತೇನಿ."

ಶನಿವಾರ ಕದರಮಂಡಲಗಿಯ ಆಂಜನೇಯನ ದರ್ಶನಕ್ಕೆ ಹೊರಟಳು. ನಾನೂ ಹೋದೆ. ಆಗ ನಾನು ಡಿಗ್ರಿ ಮುಗಿಸಿ, ಬಿ.ಎಡ್. ಸೀಟಿಗೆ ಕಾಯುತ್ತ ಅವಳ ಮನೆಯಲ್ಲೇ ಇದ್ದೆ. ಜೊತೆಗೆ ಹೋಗುವ ಕೆಲಸವೆಲ್ಲ ನನ್ನದೇ. ಅತ್ತೆ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಹೊರಗೆ ಬಂದ ಮೇಲೆ ಕೇಳಿದೆ:

"ಪಾಸ್ ಆಗ್ಲಿ ಅಂತ ಬೇಡ್ಕೊಂಡೇನತ್ತಿ?"

"ಏ ಹುಚ್ಚಿ, ಅಷ್ಟು ದೊಡ್ಡದು ಹೆಂಗ ಬೇಡ್ಲಿ? ಹಾವೇರ್ಯಾಗ ಒಂದು ವಾರ ಕರೆಂಟ್ ಹೋಗ್ಲಿ ಅಂತ ಬೇಡ್ಕೊಂಡೆ."

ಭಕ್ತಿ ಎಂದರೆ ಇದು! ಒಂದು ಇಡೀ ಜಿಲ್ಲಾ ಕೇಂದ್ರವನ್ನೇ ಕತ್ತಲಲ್ಲಿಡಲು ಹೊರಟಿದ್ದಳು ಮಹಾತಾಯಿ.

ಸೋಮವಾರ ಹಾವೇರಿಗೆ ಹೋದೆವು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಅತ್ತೆ ನನ್ನ ಮೊಣಕೈ ಹಿಂಡುತ್ತಿದ್ದಳು. ತರಬೇತಿಯ ಕೋಣೆಯಲ್ಲಿ ಅವಳು, ಹೊರಗೆ ವರಾಂಡದ ಬೆಂಚಿನಲ್ಲಿ ನಾನು. ಕಿಟಕಿ ತೆರೆದಿತ್ತು. ಕಲಿಸುವವನು ಧಾರವಾಡದಿಂದ ಬಂದ ಒಬ್ಬ ಯುವಕ, ಸೆಕೆಯಲ್ಲೂ ಟೈ ಕಟ್ಟಿದ್ದ. ಅವನು ಎಲ್ಲರನ್ನೂ ಯಂತ್ರಗಳ ಮುಂದೆ ಕೂರಿಸಿ ಒಂದಷ್ಟು ವಿವರಿಸುವ ಹೊತ್ತಿಗೆ ಅತ್ತೆಯ ಕಂಪ್ಯೂಟರಿನ ಪರದೆ ತಾನಾಗಿಯೇ ಕಪ್ಪಾಯಿತು. ಸುಮ್ಮನೆ ಬಿಟ್ಟರೆ ಅದು ಹಾಗಾಗುತ್ತದೆ ಎಂದು ಅವಳಿಗೇನು ಗೊತ್ತು? ಎದ್ದು ನಿಂತು, "ಸರ್, ನಾ ಮುಟ್ಟೇ ಇಲ್ರೀ. ಖರೇನ ಮುಟ್ಟಿಲ್ರೀ. ಅದು ತಾನs ಸತ್ತೈತಿ!" ಎಂದಳು.

ಅವನು ಬಂದು ಮೌಸ್ ಅಲ್ಲಾಡಿಸಿದ. ಪರದೆ ಬೆಳಗಿತು. ಅತ್ತೆ ಸತ್ಯವಾನನ ಪ್ರಾಣ ಮರಳಿದ್ದನ್ನು ಕಂಡ ಸಾವಿತ್ರಿಯಂತೆ ಕೆನ್ನೆ ಬಡಿದುಕೊಂಡಳು. ಅದೇ ಹೊತ್ತಿಗೆ, ಕದರಮಂಡಲಗಿಯ ಆಂಜನೇಯ ಸುಮ್ಮನೆ ಕೂರುತ್ತಾನೆಯೇ? ಕರೆಂಟು ಹೋಯಿತು!

ಊರಿಗೆಲ್ಲ ಹೋಗಿತ್ತು, ಸಂಜೆಯವರೆಗೂ ಬರುವುದಿಲ್ಲ ಎಂದು ಸುದ್ದಿ ಬಂತು. ಅತ್ತೆ ಕಿಟಕಿಯಿಂದ ನನ್ನ ಕಡೆ ನೋಡಿ ನಕ್ಕಳು. ವಾರದಲ್ಲೇ ಮೊದಲ ನಗು. ಆದರೆ ಟೈ ಕಟ್ಟಿದವನು ಬಿಡಬೇಕಲ್ಲ! ಚಪ್ಪಾಳೆ ತಟ್ಟಿ, "ಚಿಂತಿ ಇಲ್ಲ, ಕಂಪ್ಯೂಟರ್ ನಾಳೆ ನೋಡೂಣು. ಇವತ್ತು ವ್ಯಕ್ತಿತ್ವ ವಿಕಸನ. ಒಬ್ಬೊಬ್ರs ವೇದಿಕಿ ಮ್ಯಾಲೆ ಬಂದು ಮಾತಾಡ್ರಿ" ಅಂದ.

ಅತ್ತೆಯ ನಗು ಅಲ್ಲೇ ಆರಿತು. ಯಂತ್ರದ ಮುಂದೆ ಕೂರುವುದಾದರೂ ಆದೀತು, ಜನರ ಮುಂದೆ ನಿಲ್ಲುವುದೇ? ಊಟವಾದ ಮೇಲೆ ಸರದಿ ಬಂದಾಗ ಅವಳು ಮೇಜು, ಕುರ್ಚಿ ಹಿಡಿದುಕೊಂಡೇ ಮುಂದೆ ಹೋದದ್ದು ನನಗೆ ವರಾಂಡದಿಂದಲೇ ಕಾಣುತ್ತಿತ್ತು. ವೇದಿಕೆಯ ಮೇಲೆ ನಿಂತಳು. ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು. ಹಿಂದೆ ಯಾರೋ ಕೆಮ್ಮಿದರು.

"ಮೇಡಮ್, ದೊಡ್ಡ ವಿಷಯ ಏನೂ ಬ್ಯಾಡ. ನಿಮಗ ಯಾವುದು ಚಲೋತ್ನಾಗಿ ಗೊತ್ತೋ ಅದನ್ನs ಹೇಳ್ರಿ" ಎಂದ ಆ ಯುವಕ.

"ನನಗ ಅಂಜಿಕಿ ಒಂದs ಗೊತ್ತಿರೂದ್ರೀ" ಎಂದಳು ಅತ್ತೆ.

ಸಭೆ ಗೊಳ್ಳೆಂದಿತು. ಅವಳು ತಮಾಷೆ ಮಾಡಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು. ಹಾಗೆಯೇ ಮುಂದುವರಿಸಿದಳು. ಕುಕ್ಕರಿನ ಸೀಟಿ, ಡ್ರೈವರ್ ಕೈಮುಗಿದದ್ದು, ಬಾಗಿಲಿಂದ ಎಸೆದ ಅಕ್ಷತೆ, ಕಡೆಗೆ ಕರೆಂಟ್ ಹೋಗಲಿ ಎಂದು ಬೇಡಿಕೊಂಡದ್ದನ್ನೂ ಹೇಳಿಬಿಟ್ಟಳು! ಜನ ಕಣ್ಣೀರು ಒರೆಸಿಕೊಂಡು ನಕ್ಕರು. ಒಬ್ಬರಂತೂ, "ಅಕ್ಕಾರ, ನಾಳೆ ನಮ್ಮ ಸಾಹೇಬ್ರು ರಜಾದ ಮ್ಯಾಲೆ ಹೋಗ್ಲಿ ಅಂತ ಬೇಡ್ಕೋರಿ" ಎಂದು ಕೂಗಿದರು.

ವಾರ ಕಳೆಯಿತು. ಕರೆಂಟು ಅಂದು ಸಂಜೆಯೇ ಬಂದಿತ್ತು, ಅತ್ತೆ ಮೌಸ್ ಹಿಡಿಯುವುದನ್ನೂ ಕಲಿತಿದ್ದಳು. ಟೈಪಿಂಗ್ ಮೊದಲೇ ಬರುತ್ತಿತ್ತಲ್ಲ. ಪರೀಕ್ಷೆಯೂ ಇರಲಿಲ್ಲ, ಬೀದರೂ ಇರಲಿಲ್ಲ. ಹೊರಡುವಾಗ ಆ ಯುವಕ ಕರೆದು ಹೇಳಿದ: "ಮೇಡಮ್, ರಾಣೆಬೆನ್ನೂರಾಗ ಮುಂದಿನ ತರಬೇತಿ ಐತಿ. ನಿಮ್ಮ ಹೆಸರು ಕಲಿಸೂವವರಾಗ ಹಾಕೇನಿ. ಊಟ ಆದಮ್ಯಾಲೆ ಒಬ್ರೂ ನಿದ್ದಿ ಮಾಡದ ಕ್ಲಾಸು ನಾ ನೋಡಿದ್ದು ನಿಮ್ಮದs ಮೊದ್ಲು."

ಬಸ್ಸಿನಲ್ಲಿ ಅತ್ತೆ ಒಂದೇ ಮಾತು ಆಡಿದಳು: "ಬೀದರಕ್ಕ ಒಗದಿದ್ರs ಚಲೋ ಇತ್ತು."

ಮನೆಯಲ್ಲಿ ತಾಲೀಮು ಶುರುವಾಯಿತು. ಮಾಮಾ ಮತ್ತು ನಾನು ವಿದ್ಯಾರ್ಥಿಗಳು. ಮಣೆಯೇ ಕೀಬೋರ್ಡು, ಹೀರೇಕಾಯಿಯೇ ಮೌಸು. "ಇದನ್ನ ಹಿಂಗ ಮೆಲ್ಲಕ ಹಿಡೀಬೇಕು. ಬಿಗಿಯಾಗಿ ಹಿಡದ್ರ ಎತ್ತೆತ್ತಾಗೋ ಹೊಕ್ಕತಿ" ಎಂದು ಅವಳು ವಿವರಿಸುತ್ತಿದ್ದರೆ ಮಾಮಾ ಕೈ ಎತ್ತಿ, "ಅಕ್ಕೋರ, ನಿಮ್ಮ ಮೌಸು ಪಲ್ಯಾ ಯಾವಾಗ ಆಗ್ತೈತ್ರೀ?" ಎಂದು ಕೇಳಿದ. ಅಂದು ಅವನಿಗೆ ಬರಿಯ ಉಪ್ಪಿನಕಾಯಿ ಸಿಕ್ಕಿತು.

ತರಗತಿಯ ದಿನ ನನ್ನನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿ, "ನಾ ಬಿದ್ರ ಓಡಿ ಬಾ" ಎಂದು ಹೇಳಿಯೇ ಅತ್ತೆ ಮುಂದೆ ಹೋದಳು. ಕಲಿಯಲು ಬಂದವರಲ್ಲಿ ಬಹಳಷ್ಟು ಜನ ಹೊಸ ಹುಡುಗರು, ಚುರುಕು. ಒಬ್ಬರು ಮಾತ್ರ ಹಿರಿಯರು, ಹಲಗೇರಿಯಿಂದ ಬಂದಿದ್ದ ಗುಮಾಸ್ತರು, ನಿವೃತ್ತಿಗೆ ಹತ್ತಿರವಾದವರು. ಮೌಸಿನ ಮೇಲೆ ಇಟ್ಟ ಅವರ ಕೈ ನಡುಗುತ್ತಿತ್ತು. ಬಾಣದ ಗುರುತು ಪರದೆಯ ತುಂಬ ಓಡಾಡಿ ಎಲ್ಲೋ ಮಾಯವಾಯಿತು. ಪಕ್ಕದ ಹುಡುಗ ಕಿಸಕ್ಕನೆ ನಕ್ಕ. ಅವರು ಎದ್ದುಬಿಟ್ಟರು. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು, "ನನ್ನ ಕೈಲೆ ಆಗೂದಿಲ್ರೀ ಅಕ್ಕೋರ. ಮನ್ಯಾಗ ಮಮ್ಮಕ್ಕಳು ಅದಾವು, ಈ ವಯಸ್ಸಿನ್ಯಾಗ ನಗಿಪಾಟಲಾ ಆಗ್ಲೇನು? ಏನ ಕ್ರಮಾ ತೊಗೊಂತೀರಿ ತೊಗೋರಿ" ಎಂದು ಬಾಗಿಲ ಕಡೆ ನಡೆದರು.

ನಾನು ಅತ್ತೆಯನ್ನೇ ನೋಡುತ್ತಿದ್ದೆ. ಬೀಳುತ್ತಾಳೆ ಎಂದುಕೊಂಡೆ. ಅವಳು ಬೀಳಲಿಲ್ಲ. ಒಂದು ಕುರ್ಚಿಯನ್ನು ಎಳೆದುಕೊಂಡು ಹೋಗಿ ಅವರ ಕುರ್ಚಿಯ ಪಕ್ಕದಲ್ಲಿ ಹಾಕಿ ಕೂತಳು.

"ಕಾಕಾರ, ಬರ್ರಿ ಇಲ್ಲೆ. ನನ್ನ ಕೈ ನೋಡ್ರಿ, ಇದೂ ನಡಗಾಕತ್ತೈತಿ. ಇಬ್ರೂ ಕೂಡೇ ಅಂಜೂಣು. ಕುಂದ್ರಿ."

ಅವರು ಬಾಗಿಲಿನಿಂದ ತಿರುಗಿ ಬಂದು ಕೂತರು. ಸಂಜೆಯ ಹೊತ್ತಿಗೆ ಅವರ ಹೆಸರು ಪರದೆಯ ಮೇಲೆ ಮೂಡಿತು, ಒಂದಕ್ಷರ ತಪ್ಪಾಗಿ. ತಿದ್ದಲು ಅತ್ತೆ ಅವಸರ ಮಾಡಲಿಲ್ಲ.

ಮನೆಗೆ ನಡೆದು ಬರುವಾಗ ಕೇಳಿದೆ: "ಈಗರ ಅಂಜಿಕಿ ಹೋತೇನತ್ತಿ?"

"ಎಲ್ಲಿ ಹೊಕ್ಕತವ್ವಾ? ಅವರು ನಾಳೆ ಬರ್ತಾರೋ ಇಲ್ಲೋ ಅಂತ ಈಗಿಂದs ಅಂಜಾಕತ್ತೇನಿ" ಎಂದಳು.

ಮರುದಿನ ಅತ್ತೆ ಅವಸರ ಮಾಡಿ ನನ್ನನ್ನು ಹೊರಡಿಸಿದಳು. ತರಬೇತಿ ನಡೆಯುತ್ತಿದ್ದ ಕಚೇರಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ಆ ಹಿರಿಯರು ಕೂತಿದ್ದರು, ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅತ್ತೆಯನ್ನು ಕಂಡು ಎದ್ದು ನಿಂತರು.

"ಇಷ್ಟು ಲಗೂ ಬಂದೀರಲ್ರೀ ಕಾಕಾರ?"

"ರಾತ್ರಿ ನಿದ್ದಿನs ಹತ್ತಲಿಲ್ರೀ ಅಕ್ಕೋರ."

"ನನಗೂ ಹತ್ತಲಿಲ್ರೀ" ಎಂದು ಅತ್ತೆ ಸೆರಗು ಸರಿಮಾಡಿಕೊಂಡು ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.