ಬೆಲ್ಟ್ ಹಾಕಿಕೊಂಡು ಬಿದ್ದವರು

ಎತ್ತರದಲ್ಲಿ ನಡೆಯುವ ತಪ್ಪುಗಳು ಕೆಳಗೆ ನಿಂತು ನೋಡುವವರಿಗೆ ಯಾವಾಗಲೂ ತಮಾಷೆಯಾಗಿಯೇ ಕಾಣುತ್ತವೆ. ತೆಂಗಿನ ಸೀಮೆಯಲ್ಲಿ ಹತ್ತುವವರು ಕಡಿಮೆಯಾಗುತ್ತಿದ್ದಾರೆ, ನಿಂತು ನೋಡುವವರು ಕಡಿಮೆಯಾಗಿಲ್ಲ. ಆದ್ದರಿಂದ ತಮಾಷೆಗೆ ಬರವಿಲ್ಲ.

ಹವ್ಯಾಸಿ ರೇಡಿಯೋದವರಿಗೆ ಆಂಟೆನಾ ಟವರ್ ನಿಲ್ಲಿಸಿಕೊಡುವುದು ನನ್ನ ಕೆಲಸ. ಸರ್ಕಾರದ ಪರವಾನಗಿ ಪಡೆದು, ಮನೆಯ ಕೋಣೆಯಲ್ಲೇ ರೇಡಿಯೋ ಇಟ್ಟುಕೊಂಡು, ಎಂದೂ ಕಾಣದ ದೇಶದವರೊಡನೆ ಮಾತನಾಡುವವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕು ಸೇರಿ ಬೆರಳೆಣಿಕೆಯಷ್ಟು ಇದ್ದಾರೆ. ಎಲೆಕ್ಟ್ರಾನಿಕ್ಸ್ ಪದವೀಧರೆಗೆ ಈ ಊರುಗಳು ಕೊಟ್ಟ ಉದ್ಯೋಗ ಇದೊಂದೇ. ನಕ್ಷೆ, ತಂತಿ, ಸುರಕ್ಷತೆ ನನ್ನದು, ಹತ್ತುವುದು ಅಣ್ಣನದು. ಅಣ್ಣ ನನ್ನ ಒಡಹುಟ್ಟಿದವರಲ್ಲ. ಕಂದಿಕೆರೆಯವರು, ಐವತ್ತರ ವಯಸ್ಸು, ಮೀಸೆ ಮೂಡುವ ಮೊದಲಿನಿಂದ ತೆಂಗಿನಕಾಯಿ ಕೀಳುತ್ತ ಬಂದವರು.

ಮೊದಮೊದಲು ನಮ್ಮಿಬ್ಬರ ನಡುವೆ ಇದ್ದ ಜಗಳ ಒಂದೇ: ಮೇಲೆ ಹೋದಾಗ ಅವರು ಬೆಲ್ಟಿನ ಕೊಕ್ಕೆಯನ್ನು ಟವರಿಗೆ ಸಿಗಿಸುತ್ತಾರೋ ಇಲ್ಲವೋ. ಸಿಗಿಸದಿದ್ದರೆ ಒಂದು ದಿನ ಬೀಳುತ್ತೀರಿ ಎಂದು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ದೆ. ಅವರು ಆ ಕಾಗದದಲ್ಲಿ ಎಲೆ ಅಡಿಕೆ ಸುತ್ತಿಟ್ಟುಕೊಂಡರು.

೧. ಎಲ್ಲಿಗೆ ಸಿಗಿಸಿದ್ದು

ನಮ್ಮ ಮೊದಲ ಗಿರಾಕಿ ಕಿಬ್ಬನಹಳ್ಳಿಯ ಬಳಿ ತೋಟದ ಮನೆಯಲ್ಲಿರುವ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಅವರಿಗೆ ಐವತ್ತಡಿಯ ಟವರ್ ಬೇಕಿತ್ತು. ನಾನು ಬೆಲ್ಟನ್ನು ಜಗಲಿಯ ಮೇಲೆ ಹರಡಿ ತೋರಿಸಿದೆ: ಹೆಗಲಿಗೆ ಎರಡು ಪಟ್ಟಿ, ತೊಡೆಗೆ ಒಂದೊಂದು ಪಟ್ಟಿ, ಮುಂದೆ ಎರಡು ಹಗ್ಗ, ಎರಡರ ತುದಿಗೂ ಕೊಕ್ಕೆ. ಒಂದನ್ನು ಮೇಲೆ ಸಿಗಿಸಿದ ಬಳಿಕವೇ ಇನ್ನೊಂದನ್ನು ಬಿಚ್ಚಬೇಕು.

ತೋಟದ ಆಳುಗಳು ಸುತ್ತ ನೆರೆದಿದ್ದರು. "ಏನ್ಲಾ ಇದು, ಕೂಸಿಗೆ ಲಂಗೋಟಿ ಕಟ್ಟಿದಂಗೈತೆ!" ಎಂದ ಒಬ್ಬ.

ಅಣ್ಣ ನನ್ನನ್ನು ಪಕ್ಕಕ್ಕೆ ಕರೆದರು. "ಇಂಜಿನಿಯರಮ್ಮ, ನಮ್ಮಪ್ಪ ಸಾಯೋಗಂಟ ಮರ ಹತ್ತಿದೋನು. ಒಂದಿನಾನೂ ಹಿಂಗೆ ಕಟ್ಕಂಡಿರ್ಲಿಲ್ಲ."

"ನಿಮ್ಮಪ್ಪ ಹೇಗೆ ತೀರಿಕೊಂಡರು?"

"ಜ್ವರ ಬಂದು."

ಕೊನೆಗೆ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅಣ್ಣ ಬೆಲ್ಟ್ ತೊಟ್ಟರು, ಹತ್ತಿದರು. ನಲವತ್ತಡಿಯಲ್ಲಿ ಎರಡೂ ಕೈ ಬಿಟ್ಟು, ಬೋಲ್ಟ್ ಬಿಗಿಯತೊಡಗಿದರು. ಟವರಿಗೆ ಯಾವ ಹಗ್ಗವೂ ತಾಗಿದಂತೆ ಕಾಣಲಿಲ್ಲ. ಕೆಳಗಿನಿಂದ ಕೂಗಿದೆ.

"ಅಣ್ಣಾ, ಕೊಕ್ಕೆ ಸಿಗಿಸಿದ್ದೀರಾ?"

"ಎರಡೂ ಸಿಗ್ಸಿವ್ನಿ ಕಣವ್ವ!"

"ಎಲ್ಲಿಗೆ?"

"ಒಂದಕ್ಕೊಂದು!"

೨. ಗೊಬ್ಬರ

ಮಾರನೆಯ ವರ್ಷ ಅದೇ ಟವರಿನ ತಪಾಸಣೆಗೆ ಹೋದೆ. ಟವರ್ ಇತ್ತು, ಅದರ ಪಾದ ಇರಲಿಲ್ಲ. ಕಾಂಕ್ರೀಟು, ಬೋಲ್ಟು, ಮೂರೂ ಕಾಲುಗಳ ಕೆಳಭಾಗ ಎಲ್ಲವೂ ಮಣ್ಣಿನ ದಿಬ್ಬದೊಳಗೆ ಮುಚ್ಚಿಹೋಗಿದ್ದವು. ಸುತ್ತ ದುಂಡಗೆ ಪಾತಿ. ಪಾತಿಯಲ್ಲಿ ನೀರು ನಿಂತಿತ್ತು.

"ಇದನ್ನು ಮಾಡಿದವರು ಯಾರು?" ಎಂದೆ.

ಅಣ್ಣ ಹೆಮ್ಮೆಯಿಂದ ಮುಂದೆ ಬಂದರು. ಬೇಸಿಗೆಯಲ್ಲಿ ಮೇಷ್ಟ್ರ ತೋಟಕ್ಕೆ ಕೆರೆಯ ಗೋಡುಮಣ್ಣು ಹೊಡೆಸಿದ್ದರು. ಪ್ರತಿ ಮರದ ಬುಡಕ್ಕೂ ಮಣ್ಣು, ಸಗಣಿ ಗೊಬ್ಬರ, ಮೇಲೆ ಎರಡು ಬೊಗಸೆ ಕಲ್ಲುಪ್ಪು. "ಅಷ್ಟೂ ಮರಕ್ಕೂ ಹಾಕಿ, ನಾವೇ ನಿಲ್ಸಿದ್ದು ಇದೊಂದನ್ನ ಬುಟ್ಬಿಡಾಕೆ ಮನಸ್ಸು ಬರ್ಲಿಲ್ಲ ಕಣವ್ವ."

"ಉಪ್ಪೂ ಹಾಕಿದ್ದೀರಾ?"

"ಇದು ಎತ್ತರ ಐತಲ್ಲ ಅಂತ ಒಂದು ಬೊಗಸೆ ಜಾಸ್ತಿನೇ ಹಾಕ್ದೆ."

ಮಣ್ಣು ಬಗೆದೆವು. ಸುತ್ತಿಗೆಯಲ್ಲಿ ತಟ್ಟಿದರೆ ಕಬ್ಬಿಣ ಹಪ್ಪಳದಂತೆ ಪದರ ಪದರವಾಗಿ ಉದುರಿತು. ಉಪ್ಪು, ನೀರು, ಉಕ್ಕು ಸೇರಿದರೆ ಏನಾಗುತ್ತದೆಂದು ನಾನು ಕಟುವಾಗಿಯೇ ವಿವರಿಸಿದೆ. ಅಣ್ಣ ಆ ತುಕ್ಕನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ತಾವು ಸಾಕಿದ ದನಕ್ಕೆ ತಾವೇ ವಿಷ ಹಾಕಿದವರ ಮುಖವಿತ್ತು. ನನ್ನ ದನಿ ತಗ್ಗಿಸಬೇಕಿತ್ತು. ತಗ್ಗಿಸಲಿಲ್ಲ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮೇಲಕ್ಕೆ ನೋಡಿ ಕೇಳಿದರು: "ಅದಿರಲಿ ಕಣಯ್ಯ, ಎಷ್ಟಡಿ ಬೆಳೆದಿದೆ?"

೩. ಮೇಲೆ ಯಾರೂ ಇಲ್ಲ

ಟವರನ್ನು ನೆಟ್ಟಗೆ ನಿಲ್ಲಿಸುವುದು ಮೂರು ದಿಕ್ಕಿಗೆ ಎಳೆದು ಕಟ್ಟಿದ ಸ್ಟೇ ವೈರುಗಳು. ಪ್ರತಿಯೊಂದರ ಬುಡದಲ್ಲಿ ಬಿಗಿ ಮಾಡುವ ತಿರುಪು ಇರುತ್ತದೆ. ಹೊಸ ಪಾದ ಕೂರಿಸಿದ ಮೇಲೆ ಅಣ್ಣ ತುದಿಯಲ್ಲಿ ಆಂಟೆನಾ ತಿರುಗಿಸುತ್ತಿದ್ದರು; ನಾನು ಮನೆಯೊಳಗೆ ರೇಡಿಯೋದ ಮುಂದೆ ಕುಳಿತು ಮೀಟರಿನ ಮುಳ್ಳು ಗಮನಿಸುತ್ತಿದ್ದೆ. ಹಿಂದಿನ ವಾರ ಮೇಷ್ಟ್ರ ಹೆಂಡತಿ, "ಕೊಕ್ಕೆ ಹಾಕದಿದ್ದರೆ ನಮ್ಮ ಮನೆಯಲ್ಲಿ ನಿನಗೆ ಊಟವಿಲ್ಲ" ಎಂದಿದ್ದರು. ನನ್ನ ಚಿತ್ರಗಳು ಮಾಡದ ಕೆಲಸವನ್ನು ಅವರ ಮುದ್ದೆ ಮಾಡಿತ್ತು. ಅಂದು ಕೊಕ್ಕೆ ಟವರಿಗೇ ಬಿದ್ದಿತ್ತು.

ಕಾಯಿ ತುಂಬಿದ ಟ್ರ್ಯಾಕ್ಟರಿನವನಿಗೆ ಸ್ಟೇ ವೈರ್ ಅಡ್ಡ ಬಂತು. ಅವನು ಇಳಿದ. ತಿರುಪು ಬಿಚ್ಚಿದ. ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಪಕ್ಕಕ್ಕಿಟ್ಟು, ಗಾಡಿ ದಾಟಿಸಿದ.

ಹೊರಗಿನಿಂದ ಬಂದ ಕೂಗಿಗೆ ನಾನು ಓಡಿ ಬಂದೆ. ಟವರ್ ಬಾಗಿತ್ತು. ಅಣ್ಣನ ಕಾಲು ಜಾರಿ, ಇಡೀ ದೇಹ ಎರಡು ಹಗ್ಗಗಳಲ್ಲಿ ತೂಗುತ್ತಿತ್ತು. ನಾನೂ ಮೇಷ್ಟ್ರೂ ವೈರ್ ಹಿಡಿದು ಎಳೆದೆವು. ಟ್ರ್ಯಾಕ್ಟರಿನವನು ಬಂದು ತಿರುಪು ಹಾಕಿದ. ಕೆಳಗಿಳಿದ ಅಣ್ಣನ ತೊಡೆಯಲ್ಲಿ ಪಟ್ಟಿಯ ಗುರುತು ಕೆಂಪಗೆ ಎದ್ದಿತ್ತು. ಅದನ್ನು ಸವರಿಕೊಳ್ಳುತ್ತ ಹೇಳಿದರು: "ಮರ ಆದ್ರೆ ಮೊದ್ಲೇ ಹೇಳ್ತದೆ ಕಣವ್ವ, ಕಾಲಿಗೆ ತಿಳೀತದೆ. ಈ ಕಬ್ಬಿಣ ಏನೂ ಹೇಳಲ್ಲ." ಅಂದಿಗೆ ನಮ್ಮ ಜಗಳ ಮುಗಿಯಿತು. ಟವರಿನ ಮೇಲೆ ಅವರು ಒಮ್ಮೆಯೂ ಕೊಕ್ಕೆ ಮರೆಯಲಿಲ್ಲ.

ಆ ಚಾಲಕನನ್ನು ನಾನು ಸುಮ್ಮನೆ ಬಿಡಲಿಲ್ಲ. "ಮೇಲೆ ಮನುಷ್ಯನಿದ್ದಾನೋ ಇಲ್ಲವೋ ನೋಡುವುದಿಲ್ಲವೇ?"

"ಯಾರೂ ಇಲ್ಲ ಅಂದ್ಕಂಡೆ ಕಣಕ್ಕ," ಎಂದ ಅವನು, ನಿಜವಾಗಿಯೂ ನೊಂದು. "ಒಂದು ಕಾಯೂ ಬೀಳ್ತಿರ್ಲಿಲ್ವಲ್ಲ!"

೪. ಎಳನೀರು

ಕಳೆದ ಮಳೆಗಾಲದ ಕೊನೆಯಲ್ಲಿ ಅದೇ ಟವರಿನ ಕೇಬಲ್ ಬದಲಾಯಿಸಿದೆವು. ಅಣ್ಣ ಎರಡು ಗಂಟೆ ಮೇಲಿದ್ದರು. ಹತ್ತುವಾಗ, ಇಳಿಯುವಾಗ, ಪ್ರತಿ ಹೆಜ್ಜೆಗೂ ಒಂದು ಕೊಕ್ಕೆ ಕಬ್ಬಿಣದಲ್ಲಿತ್ತು. ಪಠ್ಯಪುಸ್ತಕದಲ್ಲಿ ಚಿತ್ರವಾಗಿ ಅಚ್ಚು ಮಾಡಬಹುದಾದ ಕೆಲಸ. ನಾನು ಅವರನ್ನು ಮೊದಲ ಬಾರಿಗೆ ಹೊಗಳಿದೆ.

ಅವರು ನಾಚಿಕೊಂಡರು. "ಬಾಯಾರೈತೇನವ್ವ? ಎಳನೀರು ಕುಡೀತೀಯಾ?"

"ಕುಡಿಯುತ್ತೇನೆ," ಎಂದೆ.

ಅವರು ಬೆಲ್ಟ್ ಬಿಚ್ಚಿ, ಮಡಿಸಿ, ಜಗಲಿಯ ಮೇಲಿಟ್ಟರು. "ಮರಕ್ಕೆ ಉಜ್ಜಿದ್ರೆ ಕರೆ ಆಯ್ತದೆ. ಎಷ್ಟು ಚೆಂದಾಗಿ ಇಟ್ಕಂಡಿವ್ನಿ." ನಾನು ಬೇಡವೆನ್ನಲಿಲ್ಲ. ನಾಲ್ಕು ವರ್ಷ ಬೆಲ್ಟಿನ ಬಗ್ಗೆಯೇ ಮಾತನಾಡಿದ ನನಗೆ, ತೆಂಗಿನ ಮರವೂ ಒಂದು ಎತ್ತರ ಎಂಬುದು ಆ ಕ್ಷಣ ಹೊಳೆಯಲೇ ಇಲ್ಲ. ನಾನೂ ಈ ಸೀಮೆಯವಳೇ.

ಮಳೆಗೆ ಕಾಂಡ ಪಾಚಿಗಟ್ಟಿತ್ತು. ಸುಮಾರು ಮೂವತ್ತೈದು ಅಡಿಯಲ್ಲಿ ಅವರು ಹಿಡಿದ ಗರಿ ಬುಡಸಮೇತ ಕಿತ್ತುಬಂತು.

ತಿಪಟೂರಿನ ಆಸ್ಪತ್ರೆಯಲ್ಲಿ ವೈದ್ಯರು ಕೇಳಿದರು: "ಎಲ್ಲಿಂದ ಬಿದ್ದದ್ದು?"

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಕಣ್ಣು ಬಿಟ್ಟರು. "ಟವರಿಂದ ಸಾರ್."

ವೈದ್ಯರು ಬರೆದುಕೊಂಡರು. ಅಣ್ಣನ ಕಣ್ಣು ನನ್ನ ಮೇಲಿತ್ತು. ಆ ನೋಟ ನನಗೆ ಅರ್ಥವಾಯಿತು, ಜೊತೆಗೆ ಬಂದಿದ್ದ ಮೇಷ್ಟ್ರಿಗೂ ಅರ್ಥವಾಯಿತು. ಕಬ್ಬಿಣದಿಂದ ಯಾರು ಬೇಕಾದರೂ ಬೀಳಬಹುದು. ಮೂರು ತಲೆಮಾರಿನಿಂದ ಮರ ಹತ್ತಿದ ಮನೆಯವನು ಮರದಿಂದ ಬಿದ್ದರೆ, ಅವನು ಮರ ಹತ್ತುವವನೇ ಆಗಿರಲಿಲ್ಲವೆಂದು ಅರ್ಥ. ನಾವಿಬ್ಬರೂ ತಿದ್ದಲಿಲ್ಲ.

"ಬೆಲ್ಟು ಗಿಲ್ಟು ಏನೂ ಹಾಕಿರಲಿಲ್ಲವೇ?"

ಬೆನ್ನುಮೂಳೆ ಮುರಿದು ಮಲಗಿದ್ದ ಮನುಷ್ಯ ನನ್ನ ಮಾನ ಕಾಪಾಡಲು ತಲೆಯೆತ್ತಲು ಯತ್ನಿಸಿದರು. "ಹಾಕಿದ್ದೆ ಸಾರ್! ಕೊಕ್ಕೆ ಕೂಡ ಸಿಗ್ಸಿದ್ದೆ. ನಮ್ಮ ಇಂಜಿನಿಯರಮ್ಮ ಸುಮ್ನೆ ಬುಡೋರಲ್ಲ."

೫. ತಿದ್ದುಪಡಿ

ಆ ಒಂದು ವಾಕ್ಯ ನನಗಿಂತ ವೇಗವಾಗಿ ಓಡಾಡಿತು. ಹುಳಿಯಾರಿನಲ್ಲಿ ಟವರ್ ಬೇಕೆಂದಿದ್ದವರು ಬೇಡವೆಂದರು: "ಬೆಲ್ಟ್ ಹಾಕ್ಕಂಡ್ರೂ ಬೀಳ್ತಾರಂತಲ್ಲಮ್ಮ." ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಅಣ್ಣನ ತಮ್ಮನ ಮಾತು. ಅವರೂ ಕಾಯಿ ಕೀಳುವವರೇ. ಮನೆ ನಡೆಯಬೇಕಾದ್ದರಿಂದ ನನ್ನ ಜೊತೆಯ ಕೆಲಸವನ್ನೂ ಹಿಡಿದಿದ್ದರು. ತುರುವೇಕೆರೆಯಲ್ಲಿ ಅರವತ್ತಡಿಯ ಟವರ್ ಕಾದಿತ್ತು. ನಾನು ಬೆಲ್ಟ್ ಚಾಚಿದರೆ ಅವರು ಹಿಂದಕ್ಕೆ ತಳ್ಳಿದರು. "ಅಣ್ಣ ಹಾಕ್ಕಂಡೂ ಬಿದ್ದ. ಸುಮ್ನೆ ಯಾಕವ್ವ ಭಾರ?"

ಆ ಟವರಿನ ಕೆಲಸದ ಹಿಂದಿನ ದಿನ ನಾನು ಬೆಲ್ಟ್ ಹಿಡಿದು ಕಂದಿಕೆರೆಗೆ ಹೋದೆ. ಅಣ್ಣನಿಗೆ ಸೊಂಟದಿಂದ ಕೆಳಗೆ ಅರಿವಿಲ್ಲ. ಮಂಚವನ್ನು ಬಾಗಿಲಿನ ಎದುರಿಗೆ ಹಾಕಿದ್ದರು, ರಸ್ತೆಯವರು ಕಾಣಲೆಂದು.

"ನಿಮ್ಮ ತಮ್ಮ ನಾಳೆ ಬೆಲ್ಟಿಲ್ಲದೆ ಟವರ್ ಹತ್ತುತ್ತಾರೆ. ಅದಕ್ಕೆ ಕಾರಣ ನಿಮ್ಮ ಮಾತು. ನಿಜ ಹೇಳಿಬಿಡಿ," ಎಂದೆ.

ಅಣ್ಣ ರಸ್ತೆಯತ್ತ ಮುಖ ತಿರುಗಿಸಿದರು. "ಮರದಿಂದ ಬಿದ್ದೆ ಅಂತ ನನ್ ಬಾಯಲ್ಲಿ ಹೇಳಿಸ್ಬ್ಯಾಡ ಕಣವ್ವ. ಇನ್ನ ಎದ್ದು ನಿಲ್ಲೋನಲ್ಲ ನಾನು. ಉಳಿದಿರೋದು ಅದೊಂದೇ."

ಕೋಪದ ವಾಕ್ಯಗಳನ್ನು ನಾನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ.

"ಸರಿ. ಟವರಿನಿಂದಲೇ ಬಿದ್ದಿರಿ. ಆದರೆ ಬೆಲ್ಟ್ ಹಾಕಿರಲಿಲ್ಲ. ಇಷ್ಟು ತಿದ್ದಿಕೊಳ್ಳಿ."

"ಹಾಕಿರ್ಲಿಲ್ಲ ಅಂದ್ರೆ, ನಿನ್ ಮಾತು ಕೇಳ್ಲಿಲ್ಲ ಅಂತಾಯ್ತದಲ್ಲವ್ವ. ನಿಂಗೆ ಬೇಜಾರಾಗಕಿಲ್ವ?"

"ಅಭ್ಯಾಸವಿದೆ."

ಅವರು ನಕ್ಕರು. ಒಪ್ಪಿದರು.

ಸಂಜೆ ತಮ್ಮ ಬಂದರು, ಜೊತೆಗೆ ಇಬ್ಬರು ಕಾಯಿ ಕೀಳುವವರು. ಮಂಚದ ಸುತ್ತ ಕುಳಿತರು. ಅಣ್ಣ ಗಂಟಲು ಸರಿಮಾಡಿಕೊಂಡರು.

"ಲೇ, ಕೇಳು. ಅವತ್ತು ನಾನು ಬೆಲ್ಟ್ ಹಾಕ್ಕಂಡಿರ್ಲಿಲ್ಲ."

"ಹಾಕ್ಕಂಡಿದ್ದೆ ಅಂದಿದ್ಯಲ್ಲಣ್ಣ?"

"ಡಾಕ್ಟ್ರಿಗೆ ಸುಳ್ಳು ಹೇಳ್ದೆ ಕಣ್ಲಾ. ಬಿಚ್ಚಿ ಜಗಲಿ ಮ್ಯಾಲೆ ಇಟ್ಟಿದ್ದೆ. ಹಾಕ್ಕಂಡಿದ್ರೆ ಇವತ್ತು ನಿನ್ ಜೊತೆ ಕೂತ್ಕಂಡಿರ್ತಿದ್ದೆ."

ಇದರಲ್ಲಿ ಟವರ್ ಎಂಬ ಮಾತೇ ಇರಲಿಲ್ಲ. ಪ್ರತಿ ಅಕ್ಷರವೂ ಸತ್ಯವಾಗಿತ್ತು. ತಮ್ಮನ ಮುಖ ಇಳಿಯಿತು. ಅವರು ನನ್ನ ಕೈಯಿಂದ ಬೆಲ್ಟ್ ತೆಗೆದುಕೊಂಡು, ತೊಡೆಯ ಪಟ್ಟಿಯೊಳಗೆ ತೋಳು ತೂರಿಸಿ, ತಪ್ಪು ತಿಳಿದು, ಕಾಲು ತೂರಿಸಿದರು.

"ಆಯ್ತು, ನಾಳೆ ಹಾಕ್ಕಂತೀನಿ," ಎಂದರು. ಮರುದಿನ ಟವರ್ ಮುಗಿಸಿ, ಅದರ ಮಾರನೆಯ ದಿನದಿಂದ ಅವರಿಗೆ ಹುಳಿಯಾರಿನ ತೋಟದಲ್ಲಿ ಕಾಯಿ ಕೀಳುವುದಿತ್ತು. ಅದು ನೆನಪಾಗಿರಬೇಕು, ಪಟ್ಟಿ ಬಿಗಿಯುತ್ತಲೇ ತಲೆಯೆತ್ತಿ ಕೇಳಿದರು. "ಅಣ್ಣ, ಇದನ್ನ ಮರಕ್ಕೂ ಹಾಕ್ಕಬೇಕಾ?"

ಹೂಂ ಎಂದರೆ ಸಾಕಿತ್ತು. ಕಾರಣ ಹೇಳಬೇಕಿರಲಿಲ್ಲ. ಅಣ್ಣ ನನ್ನತ್ತ ನೋಡಿದರು, ಸೂರಿನತ್ತ ನೋಡಿದರು, ಮಂಚದ ಪಕ್ಕದಲ್ಲಿ ಕುಳಿತು ಕಾಯುತ್ತಿದ್ದ ಆ ಇಬ್ಬರು ಜೊತೆಗಾರರತ್ತ ನೋಡಿದರು.

"ಥೂ," ಎಂದರು, "ಮರದಿಂದ ಯಾರ್ಲಾ ಬೀಳ್ತಾರೆ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅಣ್ಣ ನಕ್ಕರು. ಅವರ ದೇಹದಲ್ಲಿ ಅಲುಗಲು ಉಳಿದಿದ್ದಷ್ಟು ಭಾಗವೆಲ್ಲ ಆ ನಗುವಿಗೆ ಅಲುಗಿತು.